ಹಾವಿನ ಮೊಟ್ಟೆಗೆ ಹತ್ತು ದಿನದ ವಾಯಿದೆ

ಕಳೆದ ತಿಂಗಳು ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಮುಂಬಯಿ ಪಕ್ಕದ ಠಾಣೆ ನಗರದ ಗೆಳೆಯರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿದರು. ಅವರು ಸಾಕಿರುವ ಬಾಲ್ ಪೈಥಾನ್ (ಆಫ್ರಿಕ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು) ಅಂದು ಬೆಳಿಗ್ಗೆ ಐದು ಮೊಟ್ಟೆ ಇಟ್ಟಿತ್ತು. ನಾಲ್ಕು ಬೆಳ್ಳಗೆ ದುಂಡಗಿದ್ದವು, ಐದನೆಯದು ತುಸು ಹಳದಿ, ಗಾತ್ರದಲ್ಲೂ ಸಣ್ಣದು. "ಇದು ಗೊಡ್ಡು ಮೊಟ್ಟೆಯೇ ತಾನೆ, ತೆಗೆದು ಎಸೆದುಬಿಡಲೇ?" ಎಂದು ಕೇಳಿದ್ದರು. ಚಿತ್ರ ನೋಡಿ ಹೇಳಲಾರೆ, ಹತ್ತು ದಿನ ತಡೆಯಿರಿ ಎಂದು ಉತ್ತರಿಸಿದೆ. ಅವರಿಗೆ ಅದು ಜಾರಿಕೊಳ್ಳುವ ಉತ್ತರದಂತೆ ಕಂಡಿರಬೇಕು. ಆದರೆ ನನ್ನ ಖಚಿತ ಅಭಿಪ್ರಾಯ ಅದೇ ಆಗಿರುವುದರಿಂದ, ಅದಕ್ಕೆ ಕಾರಣವೇನೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗೊಡ್ಡು ಮೊಟ್ಟೆಯನ್ನು ಹತ್ತು ದಿನ ಹೆಚ್ಚಿಗೆ ಇಟ್ಟುಕೊಂಡರೆ ನಷ್ಟವಾಗುವುದು ಪೆಟ್ಟಿಗೆಯಲ್ಲಿ ಅಂಗೈಯಗಲದ ಜಾಗ ಮಾತ್ರ. ಜೀವವಿರುವ ಮೊಟ್ಟೆಯನ್ನು ಎಸೆದರೆ ಅದನ್ನು ಮತ್ತೆ ತರಲಾಗುವುದಿಲ್ಲ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತವನು. ಎರಡು ವರ್ಷದ ಹಿಂದೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಆರು ಮೊಟ್ಟೆಗಳನ್ನು ಕಾವಿಗೆ ಇಟ್ಟಿದ್ದೆ. ಮೂರನೆಯ ವಾರದಲ್ಲಿ ಅಂಚಿನ ಒಂದು ಮೊಟ್ಟೆಯ ನೆತ್ತಿ ಹೆಬ್ಬೆರಳಿನಿಂದ ಒತ್ತಿದಂತೆ ಗುಳಿಬಿದ್ದಿತ್ತು. ಬಣ್ಣವೂ ಮಾಸಿತ್ತು. ಅದು ಪಕ್ಕದ ಮೊಟ್ಟೆಗಳಿಗೆ ಅಂಟಿಕೊಂಡಿರಲಿಲ್ಲವಾದ್ದರಿಂದ ಎತ್ತುವುದು ಸುಲಭವಾಗಿಬಿಟ್ಟಿತು. ಅಡುಗೆಮನೆಯ ಸಿಂಕಿನ ಮೇಲೆ ಹಿಡಿದು, ಚರ್ಮದಂತಿದ್ದ ಸಿಪ್ಪೆಯನ್ನು ಕತ್ತರಿಯಿಂದ ಕೊಯ್ದು ನೋಡಿದೆ. ಒಳಗೆ ಕೆಂಪು ನರಗಳ ಜಾಲವಿತ್ತು, ಅದರ ನಡುವೆ ಸುರುಳಿ ಸುತ್ತಿದ ಮೈ, ದೊಡ್ಡ ಕಪ್ಪು ಕಣ್ಣುಗಳು. ಹೃದಯ ಮಿಡಿಯುತ್ತಿದ್ದುದು ಬರಿಗಣ್ಣಿಗೆ ಕಾಣುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಅದೂ ನಿಂತಿತು. ಆ ಕೋಣೆಯಲ್ಲಿ ದಿನವಿಡೀ ಎಸಿ ಓಡುತ್ತಿದ್ದುದರಿಂದ, ಸರಿಯಾಗಿ ಮುಚ್ಚಳ ಕೂರದ ನನ್ನ ಪೆಟ್ಟಿಗೆಯಲ್ಲಿ ಮೊಟ್ಟೆಗಳ ಕೆಳಗೆ ಹಾಸಿದ್ದ, ನೀರು ಹೀರಿ ತೇವ ಹಿಡಿದಿಡುವ ವರ್ಮಿಕ್ಯುಲೈಟ್ ಎಂಬ ಖನಿಜದ ಹರಳುಗಳು ಒಣಗಿದ್ದವು. ಮೊಟ್ಟೆಗೆ ಬೇಕಾಗಿದ್ದುದು ಅಂಚಿನಲ್ಲಿ ಸುರಿಯುವ ನಾಲ್ಕು ಚಮಚ ನೀರು ಮಾತ್ರ. ಆರಂಭದ ವಾರಗಳಲ್ಲಿ ಮೊಟ್ಟೆ ಗುಳಿಬಿದ್ದರೆ ಬಹುಮಟ್ಟಿಗೆ ಅದು ಬಾಯಾರಿಕೆಯ ಲಕ್ಷಣ. ಕೊನೆಯ ದಿನಗಳಲ್ಲಿ ಬಿದ್ದರೆ ಮರಿ ಹೊರಬರುವ ಕಾಲ ಹತ್ತಿರವಾಯಿತೆಂದು ತಿಳಿಯಬಹುದು. ಒಂದೇ ಗುಳಿಗೆ ಎರಡು ಅರ್ಥಗಳಿದ್ದರೂ ನಾನು ಮೂರನೆಯದೊಂದನ್ನು ಊಹಿಸಿಕೊಂಡು ಕತ್ತರಿ ಎತ್ತಿಕೊಂಡಿದ್ದೆ.

ಹೊರನೋಟದ ಲಕ್ಷಣಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮೊಟ್ಟೆ ಸಾಮಾನ್ಯವಾಗಿ ಬೆಳ್ಳಗೆ, ಒಣಗಿದ ಮೇಲ್ಮೈಯೊಂದಿಗೆ ಬಿಗಿಯಾಗಿ ತುಂಬಿಕೊಂಡಿರುತ್ತದೆ. ಸಾಕುವವರು 'ಸ್ಲಗ್' ಎಂದು ಕರೆಯುವ ಗೊಡ್ಡು ಮೊಟ್ಟೆ ಹಳದಿಯಾಗಿ, ಮೇಣ ಸವರಿದಂತೆ ಜಿಡ್ಡುಜಿಡ್ಡಾಗಿ, ಕುಗ್ಗಿದ ಗಾತ್ರದಲ್ಲಿರುತ್ತದೆ. ನೂರಾರು ಮೊಟ್ಟೆ ಕಂಡ ಕಣ್ಣಿಗೆ ಹೆಚ್ಚಿನ ಪಾಲು ಮೊದಲ ದಿನವೇ ತಿಳಿಯುತ್ತದೆ ಎಂಬುದೂ ನಿಜ. ಆದರೆ ಪ್ರಶ್ನೆ ಕೇಳುವವರು ಮೊದಲ ಸಲ ಮೊಟ್ಟೆ ಕಂಡವರು, ಉತ್ತರ ಹೇಳುವವರು ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರ ನೋಡುವವರು. ಇವರಿಬ್ಬರ ನಡುವೆ ಒಂದು ಮೊಟ್ಟೆಯ ಹಣೆಬರಹ ತೀರ್ಮಾನವಾಗುವುದು ನನಗೆ ಒಪ್ಪಿಗೆಯಿಲ್ಲ.

ಒಪ್ಪಿಗೆಯಾಗುವ ಸಾಕ್ಷಿಯೆಂದರೆ ಬೆಳಕು. ಕೋಣೆಯನ್ನು ಕತ್ತಲು ಮಾಡಿ, ಸಣ್ಣ ಎಲ್‌ಇಡಿ ಟಾರ್ಚನ್ನು ಮೊಟ್ಟೆಯ ಪಕ್ಕಕ್ಕೆ ಆನಿಸಿ ಹಿಡಿದರೆ, ಜೀವವಿರುವ ಮೊಟ್ಟೆ ನಸುಗೆಂಪಾಗಿ ಬೆಳಗುತ್ತದೆ, ಅದರೊಳಗೆ ಅರಳೆಲೆಯ ನರಗಳಂತೆ ಕೆಂಪು ಗೆರೆಗಳು ಕವಲೊಡೆದಿರುವುದು ಕಾಣುತ್ತದೆ. ಹಾವಿನ ಭ್ರೂಣ ತಾಯಿಯ ಹೊಟ್ಟೆಯಲ್ಲೇ ಸಾಕಷ್ಟು ಬೆಳೆದು ಹೊರಬರುವುದರಿಂದ ಎಷ್ಟೋ ಸಲ ಈ ಗೆರೆಗಳು ಮೊದಲ ದಿನವೇ ಕಾಣಿಸುತ್ತವೆ, ಕಾಣಿಸದಿದ್ದರೆ ವಾರದೊಳಗೆ ಸ್ಪಷ್ಟವಾಗುತ್ತವೆ. ಗೊಡ್ಡು ಮೊಟ್ಟೆಯಲ್ಲಿ ಗೆರೆಯಿಲ್ಲದ ಹಳದಿ ಬೆಳಕಷ್ಟೇ ತುಂಬಿರುತ್ತದೆ. ನಾನು ಹತ್ತು ದಿನ ಎನ್ನುವುದು ಈ ಲೆಕ್ಕದ ಮೇಲೆ ಮೂರು ದಿನ ಬಡ್ಡಿ ಸೇರಿಸಿ.

ಕುಂದಾಪುರದ ಕಡೆಯಿಂದ ಬಂದಿರುವ ನನ್ನ ಅಮ್ಮನಿಗೆ ಈ ಟಾರ್ಚಿನ ವಿದ್ಯೆ ಹೊಸದೇನೂ ಆಗಿರಲಿಲ್ಲ. ಊರಿನಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಿದ ಮೇಲೆ ಚಿಮಣಿ ದೀಪದೆದುರು ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅವರು ನೋಡುತ್ತಿದ್ದರಂತೆ. ಹಾವನ್ನು ಮನೆಯೊಳಗೆ ಇಟ್ಟುಕೊಂಡಿರುವುದು ಅವರಿಗೆ ಇಂದಿಗೂ ಸರಿಬಂದಿಲ್ಲ, ನಾಗರ ಪಂಚಮಿಯ ದಿನ ನನ್ನ ಹೆಸರಿನಲ್ಲೂ ಪ್ರತ್ಯೇಕವಾಗಿ ತನು ಎರೆಸುತ್ತಾರೆ. ಆದರೂ ಮೊಟ್ಟೆ ಎಂದಾಕ್ಷಣ ಅವರ ಕೈ ಸುಮ್ಮನಿರಲಿಲ್ಲ. "ಹೇಂಟೆ ದಿನಾ ಮೊಟ್ಟೆ ತಿರ್ಗ್ಸುದಿಲ್ಯಾ ಮಗಾ? ನೀನ್ ಎಂತಕ್ಕೆ ಹಾಂಗೇ ಇಟ್ಟಿದ್ದೆ?" ಎಂದು ಕೇಳಿದರು. ಅಮ್ಮನ ಅನುಭವ ಅಡ್ಡದಾರಿ ಹಿಡಿದದ್ದು ಇದೊಂದು ಕಡೆ ಮಾತ್ರ. ಕೋಳಿಮೊಟ್ಟೆಯೊಳಗೆ ಅರಿಶಿನಭಾಗವನ್ನು ಎರಡೂ ತುದಿಗೆ ಕಟ್ಟಿಹಿಡಿಯುವ ಹುರಿಯಂಥ ಎಳೆಗಳಿವೆ, ಹಾವಿನ ಮೊಟ್ಟೆಯಲ್ಲಿ ಅವಿಲ್ಲ. ಇಟ್ಟ ಸ್ವಲ್ಪ ಕಾಲದಲ್ಲೇ ಭ್ರೂಣ ಮೇಲಕ್ಕೆ ಬಂದು ಸಿಪ್ಪೆಯ ಒಳಮೈಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಬುಡಮೇಲಾದರೆ ಮರಿ ಒಳಗೇ ಸಾಯಬಹುದು. ಆದ್ದರಿಂದ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಟಾರ್ಚನ್ನೇ ಮೊಟ್ಟೆಯ ಬಳಿಗೆ ಒಯ್ಯಬೇಕು, ಮೊಟ್ಟೆಯನ್ನು ಎತ್ತಿ ಟಾರ್ಚಿನ ಬಳಿಗೆ ತರಬಾರದು. ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳನ್ನು ಬಲವಂತವಾಗಿ ಬಿಡಿಸಲೂಬಾರದು.

ಮುಂಬಯಿಯ ಸುತ್ತಲಿನ ನಮಗೆ ಇನ್ನೊಂದು ತೊಡಕು ಬೂಷ್ಟು. ಬಾಲ್ ಪೈಥಾನ್ ಮೊಟ್ಟೆಗಳಿಗೆ 31ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖವೂ ಶೇಕಡಾ ನೂರರ ಸಮೀಪದ ತೇವಾಂಶವೂ 55ರಿಂದ 60 ದಿನ ಬೇಕು. ಮೇ ತಿಂಗಳಲ್ಲಿ ಇಟ್ಟ ಮೊಟ್ಟೆಗಳ ಈ ಅವಧಿ ಸರಿಯಾಗಿ ಮಳೆಗಾಲಕ್ಕೆ ಬಂದು ನಿಲ್ಲುತ್ತದೆ. ಚಪ್ಪಲಿಗೂ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಮೊಟ್ಟೆಯ ಮೇಲೊಂದು ಬೂದು ಚುಕ್ಕೆ ಕಂಡೊಡನೆ ಗಾಬರಿಯಾಗಬೇಕಿಲ್ಲ. ಮೊಟ್ಟೆ ಸತ್ತು ಬೂಷ್ಟು ಬರುವುದುಂಟು, ಚೆನ್ನಾಗಿರುವ ಮೊಟ್ಟೆಯ ಸಿಪ್ಪೆಯ ಮೇಲೆಯೇ ಬೂಷ್ಟು ಕೂತು ಒಳಗಿನ ಮರಿ ಸುಖವಾಗಿ ಹೊರಬರುವುದೂ ಉಂಟು. ಒಣ ಹತ್ತಿಯಿಂದ ಮೆಲ್ಲಗೆ ಒರೆಸಿ ಬಿಡಬಹುದು. ಮೊಟ್ಟೆ ಕುಸಿದು, ರಸ ಸೋರಿ, ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವಂಥ ನಾತ ಬಂದರೆ ಮಾತ್ರ ನನ್ನ ದೃಷ್ಟಿಯಲ್ಲಿ ಆ ಮೊಟ್ಟೆಯ ಕಥೆ ಮುಗಿಯಿತು.

"ನನ್ನ ಹಾವಿನ ಜೊತೆ ಗಂಡೇ ಇರಲಿಲ್ಲ, ಹಾಗಾಗಿ ಎಲ್ಲವೂ ಗೊಡ್ಡು" ಎನ್ನುವವರಿಗೂ ಒಂದು ಮಾತು ಹೇಳಬೇಕು. ಹೆಣ್ಣುಹಾವು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಿನಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಅಪರೂಪಕ್ಕೆ ಗಂಡಿನ ನೆರವೇ ಇಲ್ಲದೆ ಮರಿ ಮಾಡುವುದೂ ಉಂಟು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರಲ್ಲಿ ಸುಮಾರು 62 ವರ್ಷದ ಬಾಲ್ ಪೈಥಾನೊಂದು ಏಳು ಮೊಟ್ಟೆ ಇಟ್ಟಿತು, ಅದು ಕನಿಷ್ಠ 15 ವರ್ಷಗಳಿಂದ ಗಂಡಿನ ಮುಖ ಕಂಡಿರಲಿಲ್ಲ. ಆದರೂ ಅಲ್ಲಿಯವರು ಆ ಮೊಟ್ಟೆಗಳಲ್ಲಿ ಕೆಲವನ್ನು ಕಾವುಪೆಟ್ಟಿಗೆಯಲ್ಲಿಟ್ಟೇ ನೋಡಿದರು. ಅಷ್ಟು ದೂರವೇಕೆ, ನಮ್ಮ ಬಾಲ್ಕನಿಯ ಹೂಕುಂಡಗಳ ಮಣ್ಣಿನಲ್ಲಿ ಎರೆಹುಳುವಿನಂತೆ ಹರಿದಾಡುವ ಕುರುಡುಹಾವಿನ ಪ್ರಭೇದದಲ್ಲಿ ಗಂಡೆಂಬುದೇ ಇಲ್ಲ.

ಮರಿಯಾಗುವ ಮೊಟ್ಟೆ ಎಂದು ಖಚಿತವಾದ ಮೇಲೆ "ಇಷ್ಟು ಮರಿಗಳನ್ನು ಏನು ಮಾಡಲಿ" ಎಂದು ಕೇಳುವವರ ಬಗ್ಗೆ ಮಾತ್ರ ನನಗೆ ಸಹನೆ ಕಡಿಮೆ. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವ ಪ್ರಾಣಿ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಸರಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಹುಟ್ಟಿದ ಮರಿಗಳನ್ನೂ ತಿಳಿಸಬೇಕು. ಆ ಪ್ರಶ್ನೆಯನ್ನು ಗಂಡುಹಾವನ್ನು ಪೆಟ್ಟಿಗೆಯೊಳಗೆ ಬಿಡುವ ಮೊದಲೇ ಕೇಳಿಕೊಳ್ಳಬೇಕಿತ್ತು.

ಠಾಣೆಯ ಗೆಳೆಯರು ಹತ್ತನೆಯ ದಿನ ರಾತ್ರಿ ದೀಪವಾರಿಸಿ ವಿಡಿಯೊ ಕರೆ ಮಾಡಿದರು. ಹಳದಿ ಮೊಟ್ಟೆಯೊಳಗೆ ಒಂದು ಗೆರೆಯೂ ಇರಲಿಲ್ಲ; ಅವರ ಊಹೆ ಸರಿಯಾಗಿತ್ತು, ಅದನ್ನು ಅವರು ಎರಡು ಸಲ ಹೇಳಿಯೂ ಹೇಳಿದರು. ಆಮೇಲೆ ಬಿಳಿಯ ಮೊಟ್ಟೆಗಳ ಕಡೆ ಟಾರ್ಚು ತಿರುಗಿತು. ಮೂರರಲ್ಲಿ ಕೆಂಪು ಕವಲುಗಳು ಹರಡಿಕೊಂಡಿದ್ದವು. ನಾಲ್ಕನೆಯದರಲ್ಲಿ, ಐದರಲ್ಲೂ ಅತ್ಯಂತ ದುಂಡಗೆ ಹಾಲುಬಿಳುಪಾಗಿದ್ದ ಮೊಟ್ಟೆಯಲ್ಲಿ, ಬರೀ ಹಳದಿ ಬೆಳಕು. ಐದನ್ನೂ ಹಾಗೆಯೇ ಬಿಟ್ಟಿದ್ದಾರೆ. ಹಳದಿಯದು ಈಗ ಕುಸಿಯತೊಡಗಿದೆಯಂತೆ, ಆ ಬಿಳಿಯದು ಮಾತ್ರ ಇನ್ನೂ ಐದರಲ್ಲಿ ಅಂದವಾಗಿ ಕಾಣುತ್ತಿದೆಯಂತೆ.