ಬರ್ಮಿಂಗ್‌ಹ್ಯಾಮಿನ ಫೋನು, ಹೈಸ್ಕೂಲ್ ಮೈದಾನದ ಮೈಕು

2010ರ ಕೊನೆಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಆ ಹೊತ್ತಲ್ಲಿ ಫೋನ್ ಬಂದರೆ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ನೋಡಿದರೆ ಚಿಕ್ಕಮ್ಮನ ಮಗ. ನಮ್ಮ ದಾವಣಗೆರೆಯ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿಗೆ ಹೋದ ಡಾಕ್ಟರು. "ಅಣ್ಣಾ, ಏನೂ ಆಗಿಲ್ಲ, ಗಾಬರಿ ಆಗ್ಬ್ಯಾಡ. ಒಂದೈದ್ ನಿಮಿಷ ಸುಮ್ನ ಕೇಳು" ಅಂದವನೇ ಫೋನನ್ನು ಕಾರಿನ ರೇಡಿಯೋ ಹತ್ತಿರ ಹಿಡಿದ. ಅಲ್ಲಿ ಆಗ ಮಧ್ಯಾಹ್ನ.

ಇಂಗ್ಲಿಷೇ, ಆದರೆ ಆ ದಕ್ಷಿಣದವರ ಎಳೆದೆಳೆದು ಆಡುವ ಇಂಗ್ಲಿಷು. ಅರ್ಧ ನನಗೆ ತಿಳಿಯಲಿಲ್ಲ. ಯಾರೋ ಒಬ್ಬ ವಯಸ್ಸಾದವರು ಫೋನ್ ಮಾಡಿ ತಮ್ಮ ಕಾಲೇಜು ಟೀಮಿನ ಕೋಚನ್ನು ತರಾಟೆಗೆ ತೆಗೆದುಕೊಂಡಿದ್ದರು. ಕಾರ್ಯಕ್ರಮ ನಡೆಸುವವನು ಹೆಚ್ಚು ಮಾತೇ ಆಡುತ್ತಿರಲಿಲ್ಲ. ಮೆತ್ತಗೆ ಒಂದು ಪ್ರಶ್ನೆ ಹಾಕುತ್ತಿದ್ದ, ಆ ಕಡೆಯವರು ಮತ್ತೆ ಐದು ನಿಮಿಷ. "ನಮ್ಮ ಹೈಸ್ಕೂಲ್ ಗ್ರೌಂಡ್ ಕಟ್ಟಿ ಮ್ಯಾಲೆ ಕುಂತು ಮಾತಾಡ್ದಂಗೈತಲ್ಲ ಅಣ್ಣಾ?" ಅಂದ ತಮ್ಮ. ಹೌದು, ಹಾಗೇ ಇತ್ತು.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಈ ಊರಿನ ಟೆನಿಸ್ ಬಾಲ್ ಟೂರ್ನಿಗಳಲ್ಲಿ, ಕಬಡ್ಡಿಯಲ್ಲಿ, ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಮೈಕ್ ಹಿಡಿದು ವೀಕ್ಷಕ ವಿವರಣೆ ಹೇಳುತ್ತ ಬಂದವನು. ಹಾಗಾಗಿ ಆ ರಾತ್ರಿ ಕೇಳಿದ್ದು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಆ ಕಾರ್ಯಕ್ರಮದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಕೇಳಿದೆ. ಇವತ್ತು ಬರೆಯಬೇಕು ಅನ್ನಿಸಿದ್ದನ್ನು ಸ್ವಲ್ಪ ಉದ್ದವಾದರೂ ಬರೆದುಬಿಡುತ್ತೇನೆ.

ಅದನ್ನು ನಡೆಸುವವನ ಹೆಸರು ಪಾಲ್ ಫೈನ್‌ಬಾಮ್. ಮೂಲತಃ ಬರ್ಮಿಂಗ್‌ಹ್ಯಾಮಿನ ಪತ್ರಿಕೆಯ ಕ್ರೀಡಾ ಅಂಕಣಕಾರ. ಅಲಬಾಮಾದಲ್ಲಿ ದೊಡ್ಡ ಲೀಗುಗಳ ವೃತ್ತಿಪರ ತಂಡ ಒಂದೂ ಇಲ್ಲ. ಜನರ ಪ್ರಾಣವೆಲ್ಲ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲಿನ ಮೇಲೆ, ಅದೂ ಎರಡು ವಿಶ್ವವಿದ್ಯಾಲಯಗಳ ಮೇಲೆ: ಅಲಬಾಮಾ ಮತ್ತು ಆಬರ್ನ್. ಮನೆಯೊಳಗೇ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ಹೊರಗಿನವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಆದರೆ ಆ ರಾಜ್ಯದ ಒಬ್ಬ ಗ್ಯಾರೇಜಿನವನು, ಒಬ್ಬ ಅಜ್ಜಿ, ಒಬ್ಬ ಲಾರಿ ಡ್ರೈವರು ದಿನಾ ಮಧ್ಯಾಹ್ನ ಫೋನ್ ಮಾಡಿ ಮಾತಾಡುವ ಜಾಗ ಆ ಕಾರ್ಯಕ್ರಮವಾಗಿತ್ತು. ಹೆಸರು ಹೇಳುವುದರ ಜೊತೆಗೆ ತಮ್ಮ ಊರಿನ ಹೆಸರನ್ನೂ ಹೇಳುತ್ತಿದ್ದರು. ಕೇಳುವವರಿಗೆ ಅವರೆಲ್ಲ ಪಕ್ಕದ ಮನೆಯವರಷ್ಟು ಪರಿಚಯ.

ಈ ಸಲುಗೆಗೆ ಒಂದು ಕರಾಳ ಮುಖವೂ ಇದೆ, ಅದನ್ನು ಮುಚ್ಚಿಟ್ಟು ಬರೆಯಬಾರದು. 2010ರಲ್ಲಿ ಅಲಬಾಮಾ ವಿರುದ್ಧದ ಪಂದ್ಯದಲ್ಲಿ 24-0 ಹಿಂದಿದ್ದ ಆಬರ್ನ್ ತಂಡ 28-27ರಿಂದ ಗೆದ್ದಿತು. 2011ರ ಜನವರಿಯಲ್ಲಿ ಅಲಬಾಮಾ ತಂಡದ ಒಬ್ಬ ಅಭಿಮಾನಿ ಇದೇ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಆಬರ್ನ್‌ನವರು ಗೆಲುವಿನ ಸಂಭ್ರಮ ಆಚರಿಸುವ ವೃತ್ತದ ಹಳೇ ಓಕ್ ಮರಗಳಿಗೆ ತಾನೇ ವಿಷ ಹಾಕಿದ್ದೇನೆ ಎಂದ. ಮಣ್ಣು ಪರೀಕ್ಷೆ ಮಾಡಿದರೆ ನಿಜ. ಅವನು ಜೈಲಿಗೆ ಹೋದ, ಮರಗಳು ಉಳಿಯಲಿಲ್ಲ, 2013ರಲ್ಲಿ ಕಡಿಯಬೇಕಾಯಿತು. ಅಭಿಮಾನ ಇಷ್ಟಕ್ಕೆ ಇಳಿದದ್ದು ನಾಚಿಕೆಯ ಸಂಗತಿ. ಆದರೂ ನನಗೆ ಇನ್ನೊಂದು ಕಾಣುತ್ತದೆ. ಪೊಲೀಸರ ಮುಂದೆ ಬಾಯಿ ಬಿಡದಿರುವ ಮಾತನ್ನೂ ಒಬ್ಬ ಮನುಷ್ಯ ಹೇಳಿಬಿಡುವಷ್ಟು ಆ ಮೈಕು ಅವರ ಮನೆಯದ್ದಾಗಿತ್ತು.

2013ರಲ್ಲಿ ಆ ಕಾರ್ಯಕ್ರಮ ರಾಷ್ಟ್ರಮಟ್ಟಕ್ಕೆ ಹೋಯಿತು. ಇಎಸ್‌ಪಿಎನ್ ಅದನ್ನು ತೆಗೆದುಕೊಂಡಿತು, ಫೈನ್‌ಬಾಮ್ ಬರ್ಮಿಂಗ್‌ಹ್ಯಾಮ್ ಬಿಟ್ಟು ಉತ್ತರ ಕ್ಯಾರೊಲಿನಾದ ಶಾರ್ಲಟ್‌ಗೆ ಹೋದ, ಮುಂದಿನ ವರ್ಷದಿಂದ ಟಿವಿಯಲ್ಲೂ ಬರತೊಡಗಿತು. ನನ್ನ ತಮ್ಮನಿಗೆ ಖುಷಿಯೂ ಹೌದು, ಸಂಕಟವೂ ಹೌದು. "ದೇಶಕ್ಕೆಲ್ಲ ಹೊಂಟೈತಿ, ಇನ್ನ ನಮ್ಮ ಮಾತು ಯಾರ್ ಕೇಳ್ತಾರ" ಅಂದಿದ್ದ. ಆದರೆ ಒಂದು ಕೆಲಸವನ್ನು ಫೈನ್‌ಬಾಮ್ ಸರಿಯಾಗಿ ಮಾಡಿದ. ಊರು ಬಿಟ್ಟರೂ ಫೋನ್ ಮಾಡುವವರನ್ನು ಬಿಡಲಿಲ್ಲ. ಅದೇ ಅಜ್ಜಿಯರು, ಅದೇ ಎಳೆದಾಡುವ ಇಂಗ್ಲಿಷು, ಅದೇ ಹಳ್ಳಿಗಳ ಹೆಸರು ದೇಶಕ್ಕೆಲ್ಲ ಕೇಳಿಸಿದವು. ಚೊಕ್ಕ ಮಾಡಿ, ಉಚ್ಚಾರ ತಿದ್ದಿ, ಎಲ್ಲರಿಗೂ ಒಪ್ಪುವಂತೆ ನಯ ಮಾಡಿದ್ದರೆ ಆ ಕಾರ್ಯಕ್ರಮ ಆರು ತಿಂಗಳಿಗೆ ಸತ್ತುಹೋಗುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಅಮೆರಿಕದಲ್ಲಿ ಈ ದಾರಿ ಹಳೆಯದು. ಹಾಡು ಕೇಳುವವರೆಲ್ಲ ಎಫ್‌ಎಂಗೆ ಹೋದ ಮೇಲೆ ಮೀಡಿಯಂ ವೇವ್ ಸ್ಟೇಷನ್ನುಗಳು ಖಾಲಿಯಾದವು, ಅಲ್ಲಿ ಮಾತು ಬಂದು ಕೂತಿತು. 1987ರ ಜುಲೈ 1ಕ್ಕೆ ನ್ಯೂಯಾರ್ಕಿನಲ್ಲಿ ಡಬ್ಲ್ಯೂಎಫ್‌ಎಎನ್ ಶುರುವಾಯಿತು. ದಿನದ 24 ಗಂಟೆಯೂ ಬರೀ ಆಟದ ಮಾತು. ಹಾಗೆ ಮಾಡಿದ ಮೊದಲ ಸ್ಟೇಷನ್ ಅದು. ಸ್ಯಾನ್ ಡಿಯಾಗೊದ ರೇಡಿಯೋದಲ್ಲಿ ಆಟದ ಮಾತಾಡುತ್ತಿದ್ದ ಜಿಮ್ ರೋಮ್ 1996ರಲ್ಲಿ ದೇಶಕ್ಕೆಲ್ಲ ಹೋದ. ಇದಕ್ಕೆ ಅವರು ಸಿಂಡಿಕೇಷನ್ ಅನ್ನುತ್ತಾರೆ. ನಮ್ಮ ಆಕಾಶವಾಣಿಯ ಭಾಷೆಯಲ್ಲಿ ಹತ್ತಿರದ ಮಾತು ಸಹಪ್ರಸಾರ. ವ್ಯತ್ಯಾಸವೇನೆಂದರೆ ಅಲ್ಲಿ ಅದೊಂದು ವ್ಯಾಪಾರ. ಎಷ್ಟೋ ಕಡೆ ಸಣ್ಣ ಊರಿನ ಸ್ಟೇಷನ್ನಿಗೆ ಕಾರ್ಯಕ್ರಮ ಪುಕ್ಕಟೆ ಸಿಗುತ್ತದೆ. ಬದಲಿಗೆ ಗಂಟೆಯೊಳಗಿನ ಇಷ್ಟು ನಿಮಿಷದ ಜಾಹೀರಾತು ಕಳಿಸಿಕೊಟ್ಟವರದ್ದು, ಉಳಿದ ನಿಮಿಷ ಮಾತ್ರ ಸ್ಟೇಷನ್ನಿನದ್ದು.

ನನಗೆ ಹೆದರಿಕೆ ಇರುವುದು ಇಲ್ಲೇ. ಪುಕ್ಕಟೆ ಸಿಗುವ ದೊಡ್ಡ ಹೆಸರಿನ ಕಾರ್ಯಕ್ರಮ ಒಂದು ಕಡೆ, ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಊರಿನ ಹುಡುಗ ಇನ್ನೊಂದು ಕಡೆ. ಮಾಲೀಕ ಯಾರನ್ನು ಇಟ್ಟುಕೊಳ್ಳುತ್ತಾನೆ? ಒಂದು ಊರಿನ ಮಾತು ದೇಶಕ್ಕೆ ಹೋಯಿತು ಅಂತ ಸಂಭ್ರಮಿಸುವಾಗ, ಅದು ಹೋಗಿ ಇಳಿದ ಊರುಗಳಲ್ಲಿ ಎಷ್ಟು ಮೈಕು ಬಂದಾದವು ಅಂತ ಯಾರೂ ಕೇಳುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಅಜ್ಜಿಗೆ ದನಿ ಸಿಕ್ಕಿದ್ದು ಒಳ್ಳೆಯದೇ. ಅದೇ ಹೊತ್ತಿಗೆ ಇನ್ನೆಲ್ಲೋ ಒಬ್ಬ ಅಜ್ಜಿ ಫೋನ್ ಮಾಡಲು ತನ್ನ ಊರಿನ ನಂಬರೇ ಇಲ್ಲದಂತಾಯಿತು.

ನಮ್ಮ ಕಡೆ ಇದರ ಪೂರಾ ಉಲ್ಟಾ. ಇಲ್ಲಿ ಎಲ್ಲವೂ ಮೇಲಿನಿಂದ ಕೆಳಗೆ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಏನೂ ಹೋಗುವುದಿಲ್ಲ.

2012ರ ಜನವರಿ 13 ನನಗೆ ಇವತ್ತಿಗೂ ನೆನಪಿದೆ. ಪರ್ತ್ ಟೆಸ್ಟು. ನಮ್ಮ ದಾವಣಗೆರೆಯ ವಿನಯ್ ಕುಮಾರ್ ಭಾರತದ ಟೆಸ್ಟ್ ಟೋಪಿ ಹಾಕಿಕೊಂಡ ದಿನ. ಬೆಳಿಗ್ಗೆ ಎಂಟಕ್ಕೇ ಟಿವಿ ಮುಂದೆ ಕೂತಿದ್ದೆವು. ಭಾರತ 161ಕ್ಕೆ ಆಲೌಟ್. ಆಮೇಲೆ ವಾರ್ನರ್ ಬಂದ, 69 ಬಾಲಿಗೆ ನೂರು, ಅದನ್ನೂ ಪೂರೈಸಿದ್ದು ವಿನಯ್ ಬಾಲಿಗೆ ಸಿಕ್ಸ್ ಹೊಡೆದು. ಆ ಸಂಜೆ ಚಾನೆಲ್ ತಿರುಗಿಸಿದಲ್ಲೆಲ್ಲ ಒಂದೇ ಮಾತು: ವೇಗ ಇಲ್ಲ, ಈ ಹುಡುಗನನ್ನು ಯಾಕೆ ಕರಕೊಂಡು ಹೋದರು? ಆಟೋ ಓಡಿಸುವ ಅಪ್ಪನ ಮಗ ಈ ಊರಿನ ಮೈದಾನಗಳಿಂದ ಹೊರಟು ಅಲ್ಲಿವರೆಗೆ ಹೇಗೆ ಮುಟ್ಟಿದ, ವೇಗ ಇಲ್ಲದ ಕೈಯಲ್ಲಿ ಹೊಸ ಬಾಲು ಏನೇನು ಮಾಡುತ್ತದೆ ಅಂತ ಹೇಳಬಲ್ಲವರು ಊರಿನಲ್ಲಿ ನೂರು ಜನ ಇದ್ದರು. ಅವರಿಗೆ ಫೋನ್ ಮಾಡಲು ಒಂದು ನಂಬರ್ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಅದೊಂದೇ ಟೆಸ್ಟು.

ಮೂರು ವರ್ಷದ ಮೇಲೆ, 2015ರ ಮಾರ್ಚ್. ವಾಂಖೆಡೆಯಲ್ಲಿ ರಣಜಿ ಫೈನಲ್, ಎದುರಿಗೆ ತಮಿಳುನಾಡು. ನಾಯಕ ವಿನಯ್ 34 ರನ್ನಿಗೆ 5 ವಿಕೆಟ್, ತಮಿಳುನಾಡು 134ಕ್ಕೆ ಮುಗಿಯಿತು. ಆಮೇಲೆ ಬ್ಯಾಟ್ ಹಿಡಿದು ಔಟಾಗದೆ 105. ಕರುಣ್ ನಾಯರ್ 328, ರಾಹುಲ್ 188. ಕರ್ನಾಟಕ ಇನಿಂಗ್ಸ್ ಮತ್ತು 217 ರನ್ನಿನಿಂದ ಗೆದ್ದು, ಸತತ ಎರಡನೇ ವರ್ಷ ಕಪ್ ತಂದಿತು. ಒಂದು ಫೈನಲಿನಲ್ಲಿ ಐದು ವಿಕೆಟ್ಟು, ನೂರು ರನ್ನು, ಕೈಯಲ್ಲಿ ಕಪ್ಪು! ಪರ್ತ್ ದಿನ ಅಷ್ಟು ಮಾತಾಡಿದವರು ಈ ದಿನ ಎಷ್ಟು ಮಾತಾಡಿದರು? ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದವನ ಬಗ್ಗೆ ಒಂದು ಗಂಟೆ, ಬರೀ ಒಂದು ಗಂಟೆ, ಅವನ ಊರಿನವರನ್ನು ಕೂರಿಸಿಕೊಂಡು ಯಾರಾದರೂ ಮಾತಾಡಬೇಕಿತ್ತು. ಇದು ನನ್ನ ಹಳೆಯ ನೋವು.

ಇನ್ನು ಕುಸ್ತಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಅಖಾಡದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಹೊರಗಿನ ಪೈಲ್ವಾನರು ಬರುತ್ತಾರೆ, ನಮ್ಮ ಗರಡಿ ಹುಡುಗರು ತೊಡೆ ತಟ್ಟಿ ಎದುರು ನಿಲ್ಲುತ್ತಾರೆ. ನಾನು ಮೈಕಿನಲ್ಲಿ ಹೇಳುವುದು ಆ ಮೈದಾನಕ್ಕಷ್ಟೇ ಕೇಳುತ್ತದೆ. ನನ್ನ ಪಕ್ಕ ಒಬ್ಬ ಹಿರಿಯ ಉಸ್ತಾದರು ಕೂರುತ್ತಿದ್ದರು. ಹುಡುಗ ಕೈ ಹಾಕುವ ಮೊದಲೇ "ಈಗ ಕಾಲಿಗೆ ಹೋಗ್ತಾನ ನೋಡು" ಅನ್ನುವರು, ಹಾಗೇ ಆಗುವುದು. ಅವರು ತೀರಿಕೊಂಡಾಗ ಅವರ ದನಿಯ ಒಂದು ನಿಮಿಷದ ಧ್ವನಿಮುದ್ರಣವೂ ನಮ್ಮ ಹತ್ತಿರ ಇರಲಿಲ್ಲ. ನಾನಾದರೂ ಫೋನಿನಲ್ಲಿ ಹಿಡಿದಿಡಬಹುದಿತ್ತು. ಹಿಡಿಯಲಿಲ್ಲ.

ಸರಿ, ಊರಿನ ಆಟದ ಮಾತನ್ನು ಊರಿನವರೇ ರೇಡಿಯೋದಲ್ಲಿ ಆಡುವುದು ಆಗುವ ಕೆಲಸವಾ? ಆಗುತ್ತದೆ. ಖಾಸಗಿ ಎಫ್‌ಎಂನವರಿಗೆ ಸ್ವಂತ ಸುದ್ದಿ ಓದುವ ಅವಕಾಶ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೇ ಹಾಕಬಹುದು ಅಷ್ಟೇ. ಆದರೆ ಖಾಸಗಿ ಎಫ್‌ಎಂಗೆ ಕೇಂದ್ರ ಸರ್ಕಾರ ಮಾಡಿದ 2011ರ ಮೂರನೇ ಹಂತದ ನೀತಿಯಲ್ಲಿ ಸ್ಥಳೀಯ ಮಟ್ಟದ ಪಂದ್ಯಗಳ ನೇರ ವೀಕ್ಷಕ ವಿವರಣೆಗೆ ಅವಕಾಶ ಕೊಟ್ಟಿದ್ದಾರೆ. ಅಂದರೆ ಬೆಂಗಳೂರಿನ ಐಪಿಎಲ್ ಪಂದ್ಯವನ್ನು ನೇರವಾಗಿ ಹೇಳುವಂತಿಲ್ಲ, ಹೈಸ್ಕೂಲ್ ಮೈದಾನದ ಟೂರ್ನಿಯನ್ನು ಹೇಳಬಹುದು! ಅದೇ ನೀತಿಯಲ್ಲಿ ಒಂದು ಕಂಪನಿ ತನ್ನ ಒಂದು ಊರಿನ ಕಾರ್ಯಕ್ರಮವನ್ನು ದೇಶದ ತನ್ನೆಲ್ಲ ಕೇಂದ್ರಗಳಿಗೆ ಹರಿಸಬಹುದು ಅಂತಲೂ ಇದೆ. ದಾರಿ ಇದೆ. ಆದರೆ ಆ ದಾರಿಯಲ್ಲಿ ಬರುವುದು ಬೆಂಗಳೂರಿನಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗಲ್ಲ.

ನನ್ನ ಆಸೆ ಇರುವುದು ಆಕಾಶವಾಣಿಯ ಮೇಲೆ. ಯಾಕೆಂದರೆ ಆ ಹೆಸರೇ ಒಂದು ಮನೆಯಿಂದ ಹೊರಟು ದೇಶವನ್ನು ಮುಟ್ಟಿದ್ದು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಶುರು ಮಾಡಿದ ಪುಟ್ಟ ಕೇಂದ್ರದ ಹೆಸರು ಆಕಾಶವಾಣಿ. ಅದೇ ಆಮೇಲೆ ಇಡೀ ಭಾರತದ ಬಾನುಲಿಯ ಹೆಸರಾಯಿತು. ಇನ್ನೊಂದು ಕಡೆ, ದೇಶಕ್ಕೆಲ್ಲ ಒಂದೇ ದನಿ ಅಂತ 1988ರಲ್ಲಿ ಶುರು ಮಾಡಿದ ಆಕಾಶವಾಣಿಯ ನ್ಯಾಷನಲ್ ಚಾನೆಲ್ 2019ರಲ್ಲಿ ಮುಚ್ಚಿತು.

ಚಿತ್ರದುರ್ಗದ ನಿಲಯ ನಮ್ಮದೇ. 1997ರವರೆಗೆ ನಾವೂ ಅದೇ ಜಿಲ್ಲೆಯವರು, ಜಿಲ್ಲೆ ಬೇರೆಯಾಯಿತೇ ಹೊರತು ಮಾತು ಬೇರೆಯಾಗಿಲ್ಲ. ಭದ್ರಾವತಿ ನಿಲಯವೂ ದೂರದ್ದಲ್ಲ. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಅದು! ವಾರಕ್ಕೊಂದು ಗಂಟೆ, ಭಾನುವಾರ ಸಂಜೆ, ಆಟದ ಮಾತಿಗೆ ನೇರ ಫೋನ್ ಇನ್. ಒಬ್ಬ ಉದ್ಘೋಷಕರು, ಕಟ್ಟೆ ಮೇಲಿನ ಒಬ್ಬ ಅತಿಥಿ, ಎರಡು ಫೋನ್ ಲೈನು. ಅದನ್ನು ರಾಜ್ಯದ ಉಳಿದ ನಿಲಯಗಳು ಸಹಪ್ರಸಾರ ಮಾಡಲಿ. ಆದರೆ ಸರದಿಯ ಮೇಲೆ. ಒಂದು ವಾರ ದುರ್ಗ, ಮುಂದಿನ ವಾರ ಮಡಿಕೇರಿ. 1997ರಿಂದ ಮನೆತನಗಳೇ ತಂಡ ಕಟ್ಟಿಕೊಂಡು ಹಾಕಿ ಆಡುವ ಅಲ್ಲಿನ ಕೊಡವರ ಮಾತು ನಮಗೂ ಬೇಕು. ಆಮೇಲೆ ವಿಜಯಪುರದ ಸೈಕಲ್ ಹುಡುಗರು, ಮಂಗಳೂರಿನ ಕಂಬಳ, ಧಾರವಾಡ, ಕಲಬುರಗಿ, ಹಾಸನ. ಒಂದೇ ಊರು ಎಲ್ಲರ ಬಾಯಿ ಮುಚ್ಚಿಸದೆ ಎಲ್ಲ ಊರೂ ಎಲ್ಲರಿಗೂ ಕೇಳುವ ದಾರಿ ಇದೊಂದೇ ಅಂತ ನನಗೆ ತೋರುತ್ತದೆ. ಒಂದು ಷರತ್ತು: "ಐತಿ" ಅಂದವರನ್ನು "ಇದೆ" ಅನ್ನಿ ಅಂತ ತಿದ್ದಬಾರದು. ಮಂಗಳೂರಿನವರಿಗೆ ನಮ್ಮ ಮಾತು ಎರಡು ವಾರ ಕಷ್ಟವಾಗಬಹುದು, ಮೂರನೇ ವಾರಕ್ಕೆ ಅಭ್ಯಾಸವಾಗುತ್ತದೆ.

ಕೆಲವರು ಹೇಳುತ್ತಾರೆ, ಈಗ ಯೂಟ್ಯೂಬ್ ಇದೆ, ಯಾರು ಬೇಕಾದರೂ ಮಾತಾಡಬಹುದಲ್ಲ ಅಂತ. ಮಾತಾಡಬಹುದು, ಒಪ್ಪುತ್ತೇನೆ, ನಮ್ಮ ಹುಡುಗರು ಟೂರ್ನಿಗಳನ್ನು ಲೈವ್ ಹಾಕುತ್ತಿದ್ದಾರೆ, ಚೆನ್ನಾಗಿಯೇ ಹಾಕುತ್ತಾರೆ. ಆದರೆ ಮಂಡಿಪೇಟೆಯ ಹಮಾಲಿ ಲೋಡು ಇಳಿಸುತ್ತ ಯೂಟ್ಯೂಬ್ ನೋಡಲಾರ. ಹೊಲದಲ್ಲಿ ಮೋಟರ್ ಮನೆ ಗೂಟಕ್ಕೆ ತೂಗುಹಾಕಿದ ರೇಡಿಯೋ ಡೇಟಾ ಕೇಳುವುದಿಲ್ಲ. ಗರಡಿಯಲ್ಲಿ ಸಾಮು ಮಾಡುವ ಹುಡುಗನ ಎರಡೂ ಕೈ ಮಣ್ಣಾಗಿರುತ್ತವೆ. ನಾನು ಹೇಳುತ್ತಿರುವುದು ಅವರ ಬಗ್ಗೆ.

ಆಕಾಶವಾಣಿಗೆ ಒಂದು ಪತ್ರ ಬರೆದಿಟ್ಟಿದ್ದೇನೆ, ಎರಡು ಪುಟ. ಅದರಲ್ಲಿ ಮೊದಲ ಹತ್ತು ವಾರಕ್ಕೆ ಯಾರ್ಯಾರನ್ನು ಕೂರಿಸಬಹುದು, ಏನೇನು ಮಾತಾಡಬಹುದು ಅಂತಲೂ ಬರೆದಿದ್ದೇನೆ. ಮೊದಲ ವಾರ ವಾಂಖೆಡೆ ಫೈನಲ್. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ, ಮ್ಯಾಚ್ ಶುರುವಾಗುವ ಮೊದಲು, ಹೈಸ್ಕೂಲ್ ಮೈದಾನದ ಕಟ್ಟೆ ಹತ್ತಿರ ಇರುತ್ತೇನೆ. ಸಹಿ ಹಾಕುವವರು ಬನ್ನಿ. ದುರ್ಗದಿಂದ ಬರಲಾಗದವರು ಇಲ್ಲೇ ಕೆಳಗೆ ನಿಮ್ಮ ಹೆಸರು, ಊರು ಬರೆಯಿರಿ. ಊರಿನ ಹೆಸರು ಮರೆಯಬೇಡಿ.