ಲೈಟ್ ಆರಿಸಿದ್ದು ಯಾರು?

ಸೆನ್ಸರ್ ಅಂತೆ. ಸೆನ್ಸರ್ ಅಷ್ಟೇ ಅಂತೆ. ಇನ್ಮೇಲೆ ಯಾರಾದ್ರೂ ನನ್ನೆದುರು ಈ ಮಾತು ಆಡಿದ್ರೆ ನಾನೇನು ಮಾಡ್ತೀನೋ ನನಗೇ ಗೊತ್ತಿಲ್ಲ. ಈಗಷ್ಟೇ ಮನೆಗೆ ಬಂದೆ, ಬ್ಯಾಗ್ ಇನ್ನೂ ಹೆಗಲ ಮೇಲೇ ಇದೆ, ಹಾಗೇ ಟೈಪ್ ಮಾಡ್ತಾ ಇದ್ದೀನಿ. ಅಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಿಳಿ ಕಾರೊಂದನ್ನ ನೋಡೋಕೆ ಹೋಗಿದ್ದೆ. ಎಂಜಿನ್ ಲೈಟ್ (ಎಂಜಿನ್‌ನಲ್ಲಿ ತೊಂದರೆ ಇದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ಹತ್ತೋ ದೀಪ) ಬರುತ್ತೆ, ಸೆನ್ಸರ್ ಅಷ್ಟೇ ಅಂತ ಮಾರೋನು ಜಾಹೀರಾತಿನಲ್ಲಿ ಹಾಕಿದ್ದ. ಭಾವ ಬಂದಿದ್ದು ಬರೀ ಜೊತೆಗೆ. ಕಾರಿನ ಬಗ್ಗೆ ಅವರಿಗೆ ಗೊತ್ತಿರೋದು ಪೆಟ್ರೋಲ್ ಮುಚ್ಚಳ ಯಾವ ಕಡೆ ಇದೆ ಅನ್ನೋದಷ್ಟೇ, ಅದೂ ಒಂದೊಂದ್ಸಲ ತಪ್ಪುತ್ತೆ. ಆದರೆ ಆ ಮನುಷ್ಯ ಮೊದಲಿಂದ ಕೊನೆವರೆಗೂ ಮಾತಾಡಿದ್ದು ಭಾವನ ಜೊತೆ. ಪ್ರಶ್ನೆ ನನ್ನದು, ಉತ್ತರ ಅವರಿಗೆ. "ಕೂಲೆಂಟ್ ಕೊನೇ ಸಲ ಬದಲಾಯಿಸಿದ್ದು ಯಾವಾಗ?" ಅಂತ (ಎಂಜಿನ್ ತಂಪಾಗಿಡೋ ದ್ರವ ಅದು) ನಾನು ಕೇಳಿದ್ರೆ "ಸಾರ್, ಗಾಡಿ ಕಂಡೀಷನ್ ಬಗ್ಗೆ ಮಾತೇ ಇಲ್ಲ" ಅಂತ ಭಾವನಿಗೆ ಹೇಳ್ತಾನೆ. ಭಾವ ಎಲ್ಲ ಅರ್ಥ ಆದವರ ಥರ ತಲೆಯಾಡಿಸ್ತಾರೆ. "ಆ ಲೈಟ್ ಸುಮ್ಮನೆ ಹತ್ತಿಕೊಂಡೇ ಇರುತ್ತಾ, ಮಿಟುಕುತ್ತಾ?" ಅಂತ ಕೇಳಿದೆ. ಇದು ಸಣ್ಣ ಪ್ರಶ್ನೆ ಅಲ್ಲ ಸ್ವಾಮಿ. ಹತ್ತಿಕೊಂಡೇ ಇದ್ರೆ ಗ್ಯಾರೇಜಿಗೆ ಹೋಗೋಕೆ ಪುರುಸೊತ್ತಿದೆ ಅಂತ. ಮಿಟುಕಿದ್ರೆ ಮಿಸ್‌ಫೈರ್ ಜೋರಾಗಿದೆ, ಅಂದ್ರೆ ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಉರೀತಿಲ್ಲ, ಹೀಗೇ ಓಡಿಸಿದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತೆ ಅಂತ. ಅದಕ್ಕೆ ಅವನು ಭಾವನ ಕಡೆ ತಿರುಗಿ, "ಲೈಟ್ ಅಂದ್ರೆ ಲೈಟ್ ಸಾರ್" ಅಂದ.

ಅದೂ ಹೋಗ್ಲಿ. ಹೋಗ್ಲಿ ಅಂತ ಬಿಟ್ಟೆ ಕೂಡ.

ಬಾನೆಟ್ ವಿಷಯ ಬಿಡೋಕಾಗ್ತಿಲ್ಲ. ಫೋನಲ್ಲಿ ಬಾಯಿಬಿಟ್ಟು ಹೇಳಿದ್ದೆ: ನಾವು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ, ತಣ್ಣಗಿರುವಾಗ ನೋಡಬೇಕು. ಆಯ್ತು ಮೇಡಂ, ಆಯ್ತು ಮೇಡಂ ಅಂದಿದ್ದ. ಹೋಗಿ ಇಳಿದ ತಕ್ಷಣ ಬಾನೆಟ್ ಮೇಲೆ ಅಂಗೈ ಇಟ್ಟೆ. ಕಾದು ಕೆಂಡ. ಬಿಸಿಲು ಅನ್ನೋ ಹಾಗಿಲ್ಲ, ಕಾರು ನಿಂತಿದ್ದು ನೆರಳಲ್ಲಿ, ಬಾಗಿಲು ಮುಟ್ಟಿದ್ರೆ ತಣ್ಣಗಿತ್ತು. "ಬಿಸಿ ಇದೆಯಲ್ಲ, ಸ್ಟಾರ್ಟ್ ಮಾಡಬೇಡಿ ಅಂದಿದ್ನಲ್ಲ" ಅಂದೆ. ಜೋರಾಗಿ ಏನೂ ಹೇಳಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದ್ದು. ಅವನು ನನ್ನ ಕಡೆ ನೋಡಲೂ ಇಲ್ಲ. ಭಾವನ ಕಡೆ ನೋಡಿ, ಅರ್ಧ ನಕ್ಕು, "ಏನ್ ಸಾರ್, ಮೇಡಂ ಕಾರು ನೋಡೋಕೆ ಬಂದಿದ್ದಾರಾ, ಜ್ವರ ನೋಡೋಕೆ ಬಂದಿದ್ದಾರಾ?"

ಗೇಟಿಗೆ ಒರಗಿಕೊಂಡು ನಿಂತಿದ್ದ ಅವನ ಸ್ನೇಹಿತ ನಕ್ಕ. ಪಕ್ಕದಲ್ಲಿ ಗಾಡಿ ತೊಳೀತಿದ್ದ ಹುಡುಗ ನಕ್ಕ. ಆ ಹುಡುಗನಿಗೆ ಜೋಕ್ ಅರ್ಥ ಆಗಿತ್ತೋ ಇಲ್ವೋ, ಅಂತೂ ನಕ್ಕ. ಭಾವನೂ ನಕ್ರು! ಜೋರಾಗಿ ನಕ್ಕಿದ್ರೆ ಕ್ಷಮಿಸ್ತಿದ್ದೆನೇನೋ. ಮೂಗಲ್ಲಿ ಹುಂ ಅಂತ ಒಂದು ಸದ್ದು, ನನಗೆ ಕೇಳಬಾರದು, ಆದರೆ ಅವನಿಗೆ ಕೇಳಬೇಕು, ಅಂಥ ನಗು. ನನ್ನ ಕೈ ಮಾತ್ರ ಇನ್ನೂ ಬಾನೆಟ್ ಮೇಲೇ ಇತ್ತು. ತೆಗೆದ್ರೆ ಸೋತ ಹಾಗೆ, ಇಟ್ಟುಕೊಂಡ್ರೆ ಸುಡುತ್ತೆ. ಸುಡ್ತಾ ಇತ್ತು ಕಣ್ರೀ, ನಿಜವಾಗ್ಲೂ. ನಾಲ್ಕು ಜನ ನೋಡ್ತಾ ಇದ್ದಾರೆ, ನಾನು ಏನೋ ಯೋಚನೆ ಮಾಡೋ ಥರ ಮುಖ ಮಾಡ್ಕೊಂಡು ಕೈ ಕಾಯಿಸ್ಕೊಳ್ತಾ ನಿಂತಿದ್ದೀನಿ. ಆಮೇಲೆ ಧೂಳು ಒರೆಸೋ ಥರ ನಿಧಾನಕ್ಕೆ ಜಾರಿಸಿ ತೆಗೆದೆ. ಧೂಳೇ ಇರಲಿಲ್ಲ, ಗಾಡಿ ಆಗ ತಾನೇ ತೊಳೆದಿದ್ರು.

ಆ ಕ್ಷಣದಲ್ಲಿ ಹೇಳಬೇಕಾಗಿದ್ದು ದಾರಿಯುದ್ದಕ್ಕೂ ನೆನಪಾಯ್ತು. ಅಲ್ಲಿ ಬಾಯಿಗೆ ಬರಲಿಲ್ಲ. ಇಲ್ಲಿ ಹೇಳ್ತೀನಿ, ಅವನು ಓದಲ್ಲ, ಆದರೂ ಹೇಳ್ತೀನಿ.

ಹೌದು ಮಾರಾಯ, ಜ್ವರ ನೋಡೋಕೇ ಬಂದಿದ್ದು. ರಾತ್ರಿಯೆಲ್ಲ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗೆ ಸಂಪ್‌ಗೆ, ಅಂದ್ರೆ ಎಂಜಿನ್ ತಳದ ತೊಟ್ಟಿಗೆ, ಇಳಿದಿರುತ್ತೆ. ಬೆಳಿಗ್ಗೆ ಕೀ ತಿರುಗಿಸಿದ ಮೊದಲ ಕೆಲವು ಸೆಕೆಂಡು ಅದು ಮತ್ತೆ ಮೇಲೆ ಹತ್ತೋ ತನಕ ಸವೆದ ಭಾಗಗಳೆಲ್ಲ ಮಾತಾಡ್ತವೆ. ಟ್ಯಾಪೆಟ್ ಟಿಕ್ ಟಿಕ್ ಅನ್ನುತ್ತೆ, ಟೈಮಿಂಗ್ ಚೈನ್ ಸಡಿಲ ಆಗಿದ್ರೆ ಗರಗರ ಅನ್ನುತ್ತೆ. ವಾಲ್ವ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ರಾತ್ರಿ ಸಿಲಿಂಡರ್ ಒಳಗೆ ಜಿನುಗಿದ ಆಯಿಲ್ ಉರಿದು ಒಂದು ಉಸಿರು ನೀಲಿ ಹೊಗೆ ಬರುತ್ತೆ. ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ, ಕೆಳಭಾಗದ ಮಧ್ಯೆ ಸೋರದ ಹಾಗೆ ಹಾಕೋ ಪದರ) ಕೂದಲೆಳೆಯಷ್ಟು ಸೋರ್ತಾ ಇದ್ರೆ ಸಿಲಿಂಡರ್‌ಗೆ ಕೂಲೆಂಟ್ ಹನಿದು, ಸ್ಟಾರ್ಟ್ ಆದಾಗ ಎಂಜಿನ್ ಒಂದಿಷ್ಟು ಹೊತ್ತು ಕುಂಟುತ್ತೆ, ಬಿಳಿ ಹೊಗೆ ಬರುತ್ತೆ, ಬಂದಿದ್ದು ಬೇಗ ಹೋಗಲ್ಲ. (ಚಳಿಯಲ್ಲಿ ಎಲ್ಲ ಕಾರಿಗೂ ಬರೋ ತೆಳು ಆವಿ ಬೇರೆ, ಅದು ಬೇಗ ಕರಗುತ್ತೆ, ಅದಕ್ಕೆ ಹೆದರಬೇಡಿ.) ಎಂಜಿನ್ ಬಿಸಿಯಾದ ಮೇಲೆ ಬಂದು ನಿಂತವನಿಗೆ ಇದರಲ್ಲಿ ಒಂದೂ ಕಾಣಲ್ಲ. ರೇಡಿಯೇಟರ್ ಮುಚ್ಚಳ ಬಿಚ್ಚಿ ಒಳಗೆ ನೋಡೋಣ ಅಂದ್ರೆ ಅದೂ ಆಗಲ್ಲ, ಒಳಗೆ ಒತ್ತಡದಲ್ಲಿ ಕುದೀತಿರೋದು ಮುಖಕ್ಕೇ ಹಾರುತ್ತೆ. ಅಂದ್ರೆ ಬಿಸಿ ಮಾಡಿಟ್ಟ ಒಂದೇ ಕೆಲಸದಲ್ಲಿ ಎಲ್ಲಾನೂ ಮುಚ್ಚಿಟ್ಟ ಹಾಗಾಯ್ತು.

ಅಷ್ಟೇ ಆಗಿದ್ರೆ, ಪಾಪ, ತೊಳೆಯೋಕೆ ಗಾಡಿ ತಿರುಗಿಸಿ ನಿಲ್ಲಿಸಿರಬಹುದು ಅಂದುಕೊಳ್ತಿದ್ದೆ. ಗಡಿಯಾರ ನೋಡಿದೆ. ಡ್ಯಾಶ್‌ಬೋರ್ಡಿನ ಗಡಿಯಾರ 12:40 ತೋರಿಸ್ತಿತ್ತು. ಆಗ ಸಂಜೆ ಆಗ್ತಾ ಬಂದಿತ್ತು. ಟ್ರಿಪ್ ಮೀಟರ್ ಹತ್ತಿರ ಹತ್ತಿರ ಸೊನ್ನೆ. ರೇಡಿಯೋದಲ್ಲಿ ಒಂದು ಸ್ಟೇಷನ್ನೂ ಉಳಿದಿಲ್ಲ. ಬಾನೆಟ್ ತೆಗೆಸಿದೆ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಮೇಲೆ ವರ್ಷಗಟ್ಟಲೆ ಕೂತ ಬಿಳಿ ಪುಡಿ ಹಾಗೇ ಇದೆ, ಮೈನಸ್ ಟರ್ಮಿನಲ್ ಮಾತ್ರ ಫಳಫಳ, ಬೋಲ್ಟ್ ಮೇಲೆ ಸ್ಪ್ಯಾನರ್ ಉಜ್ಜಿದ ಹೊಸ ಗುರುತು. ವೈರ್ ಬಿಚ್ಚಿ ಹಾಕಿದಾಗ ಆ ಗಡಿಯಾರ 12:00ರಿಂದ ಮತ್ತೆ ಶುರುವಾಗಿದೆ, ಅಂದ್ರೆ ಸುಮಾರು 40 ನಿಮಿಷದ ಹಿಂದೆ ಬ್ಯಾಟರಿ ವೈರ್ ಬಿಚ್ಚಿ ಹಾಕಿದ್ದಾರೆ. ಅನೇಕ ಕಾರುಗಳಲ್ಲಿ ಹಾಗೆ ಮಾಡಿದ್ರೆ ಕಂಪ್ಯೂಟರಿನ ನೆನಪು ಅಳಿಸಿ ಎಂಜಿನ್ ಲೈಟ್ ಆರಿಹೋಗುತ್ತೆ. ಆಮೇಲೆ ಮತ್ತೆ ಹತ್ತುತ್ತಾ ಅಂತ ನೋಡೋಕೆ ಒಂದು ಸುತ್ತು ಓಡಿಸಿದ್ದಾನೆ. ಅದಕ್ಕೇ ಬಾನೆಟ್ ಬಿಸಿ.

ಸ್ಕ್ಯಾನರ್ ಹಾಕಿದೆ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿದ್ರೆ ಮೊಬೈಲಿನಲ್ಲಿ ತೋರಿಸೋ ಪುಟ್ಟ ಡಬ್ಬಿ. ಕೋಡ್, ಅಂದ್ರೆ ಏನು ಕೆಟ್ಟಿದೆ ಅಂತ ಕಾರಿನ ಕಂಪ್ಯೂಟರ್ ಬರೆದಿಡೋ ನಂಬರ್, ಒಂದೂ ಇಲ್ಲ. "ನೋಡಿ ಸಾರ್, ಕ್ಲೀನ್!" ಅಂದ, ಭಾವನಿಗೇ. ಕೋಡ್ ಇಲ್ಲದಿರೋದು ಬೇರೆ, ಪರೀಕ್ಷೆಯೇ ಮುಗಿಯದಿರೋದು ಬೇರೆ. ಕ್ಯಾಟಲಿಸ್ಟ್ (ಅದೇ ಕನ್ವರ್ಟರ್) ಪರೀಕ್ಷೆ ಅಪೂರ್ಣ, ಆಕ್ಸಿಜನ್ ಸೆನ್ಸರ್ ಪರೀಕ್ಷೆ ಅಪೂರ್ಣ, ಪೆಟ್ರೋಲ್ ಆವಿಯದ್ದೂ ಅಪೂರ್ಣ. ನೆನಪು ಅಳಿಸಿದ ಮೇಲೆ ಕಾರು ತನ್ನನ್ನು ತಾನು ಮತ್ತೆ ಪರೀಕ್ಷೆ ಮಾಡ್ಕೊಳ್ಳೋಕೆ ತಣ್ಣಗಿನ ಸ್ಟಾರ್ಟು, ನಿಂತು ಸಾಗೋ ಓಟ, ಒಂದೇ ವೇಗದ ಓಟ ಎಲ್ಲ ಬೇಕು. ದಿನನಿತ್ಯ ಓಡ್ತಿರೋ ಕಾರಿನಲ್ಲಿ ಇಷ್ಟೆಲ್ಲ ಒಟ್ಟಿಗೆ ಅಪೂರ್ಣ ಇರಲ್ಲ.

ನನಗೆ ಹುಚ್ಚು ಹಿಡಿಸ್ತಿರೋದು ಇದು: ಲೈಟ್ ಬರುತ್ತೆ ಅಂತ ಮೊದಲೇ ಹೇಳಿದವನೇ ಅವನು! ಜಾಹೀರಾತಿನಲ್ಲೇ ಹಾಕಿದ್ದ, ಸಣ್ಣ ದೋಷ ಇದೆ, ಸೆನ್ಸರ್ ಅಷ್ಟೇ ಅಂತ. ಅದನ್ನ ನೋಡೇ ತಾನೆ ನಾನು ಹೋಗಿದ್ದು, ಮುಚ್ಚುಮರೆ ಇಲ್ಲದ ಮನುಷ್ಯ ಅಂತ. ನಿಜವಾಗ್ಲೂ ಸೆನ್ಸರ್ ಆಗಿದ್ರೆ ಆ ಕೋಡೇ ಅವನ ಪರವಾಗಿ ಸಾಕ್ಷಿ ಹೇಳ್ತಿತ್ತು. ಇದ್ದ ಒಂದೇ ಸಾಕ್ಷಿಯನ್ನ ಅಳಿಸೋದ್ಯಾಕೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಿದ್ನಂತೆ. ಇಲ್ಲಿ ಯಾರೂ ಕಳ್ಳ ಅಂತಲೂ ಅಂದಿರಲಿಲ್ಲ!

ಅಲ್ಲಿ ಇದ್ದ ಕೋಡ್ ಪಿ0420ಯೋ, ಮಿಸ್‌ಫೈರ್ ಹೇಳೋ ಪಿ0300ಯೋ, ಇನ್ನು ಯಾರಿಗೂ ಗೊತ್ತಾಗಲ್ಲ. ಪಿ0420 ಅಂದ್ರೆ ಕ್ಯಾಟಲಿಸ್ಟ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ. ಅದರ ಹಿಂದೆ ಇರೋ ಆಕ್ಸಿಜನ್ ಸೆನ್ಸರ್, ಮುಂದಿನ ಸೆನ್ಸರ್ ಥರಾನೇ ಏರಿಳಿತ ತೋರಿಸೋಕೆ ಶುರು ಮಾಡಿದಾಗ ಬರುತ್ತೆ. ಸೆನ್ಸರೇ ಕೆಟ್ಟಿರಬಹುದು, ಸೈಲೆನ್ಸರ್ ಪೈಪಲ್ಲಿ ಸೋರಿಕೆ ಇರಬಹುದು, ಹಾಗಿದ್ರೆ ಚಿಂತೆ ಇಲ್ಲ. ಆದರೆ ಸೆನ್ಸರ್ ನಿಜ ಹೇಳ್ತಿದ್ರೆ? ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರೋ ಭಾಗ ಅದು, ಯಾಕೆ ದುಬಾರಿ ಅಂತ ಬಿಡಿಸಿ ಹೇಳಬೇಕಾ? ಅದೂ ಸುಮ್ಮನೆ ಸಾಯಲ್ಲ. ಉರಿಯದ ಪೆಟ್ರೋಲ್ ಬಂದು ಬಿದ್ದಿರುತ್ತೆ, ಇಲ್ಲಾ ಎಂಜಿನ್ ಆಯಿಲ್ ಕುಡೀತಿರುತ್ತೆ, ಇಲ್ಲಾ ಕೂಲೆಂಟ್ ಅದರೊಳಗೆ ಹೋಗಿರುತ್ತೆ. ಹೊಸ ಕನ್ವರ್ಟರ್ ಹಾಕಿಸಿದ್ರೂ ಮೂಲ ರೋಗ ಹಾಗೇ ಇದ್ರೆ ಅದನ್ನೂ ತಿಂದುಹಾಕುತ್ತೆ. ಸುದ್ದಿ ತಂದ ಸೆನ್ಸರ್ ಮೇಲೇ ಎಲ್ಲ ತಪ್ಪು ಹೊರಿಸಿ ಕೂತಿದ್ದಾನೆ ಮಹಾರಾಯ.

ನನ್ನ ಮೆಕ್ಯಾನಿಕ್ ಹತ್ತಿರ ಒಂದು ಸಲ ತೋರಿಸ್ತೀನಿ, ಖರ್ಚು ನನ್ನದೇ ಅಂದೆ. ಆಗಲ್ಲ ಅಂದ. ಸಣ್ಣದಲ್ವಾ, ನೀವೇ ರಿಪೇರಿ ಮಾಡಿಸಿ ಕೊಡಿ, ಆ ದುಡ್ಡು ಬೆಲೆಗೆ ಸೇರಿಸ್ತೀನಿ ಅಂದೆ. ಅದಕ್ಕೂ ಆಗಲ್ಲ. "ನಂಬಿಕೆ ಇಲ್ಲದಿದ್ರೆ ಹೊಸದೇ ತಗೊಳ್ಳಿ ಸಾರ್." ಸಾರ್!! ದುಡ್ಡು ಕೊಡೋಳು ನಾನು!

ಸರಿ, ನನ್ನನ್ನೇ ನೋಡಿ ನಾನೂ ನಗ್ತೀನಿ. ಬ್ಯಾಗಲ್ಲಿ ಏನೇನಿತ್ತು ಗೊತ್ತಾ? ಟಾರ್ಚು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಒರೆಸೋಕೆ ಬಟ್ಟೆ, ಸ್ಕ್ಯಾನರ್, ಕಾರಿನ ಅಡಿ ನೋಡೋಕೆ ಕನ್ನಡಿ. ಮದುವೆಗೆ ಹೆಣ್ಣು ನೋಡೋಕೆ ಬಂದವರೂ ಇಷ್ಟು ಪರೀಕ್ಷೆ ಮಾಡಲ್ಲ ಅಂತ ಭಾವ ಅಂದ್ರು, ಅದಕ್ಕೂ ಎಲ್ಲರೂ ನಕ್ರು. ಟೈರ್ ಪಕ್ಕ ಮಂಡಿಯೂರಿ ಕೂತು ಟೈರಿನ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿದೆ, 1418. 2018ರ 14ನೇ ವಾರದಲ್ಲಿ ತಯಾರಾಗಿದ್ದು. "ಹೊಸ ಟೈರ್" ಅಂದಿದ್ದ. ಮಂಡಿಗೆಲ್ಲ ಕೆಸರು. ಹಳೇ ಕಾರಿನ ಗುಟ್ಟು ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ, ಅದಕ್ಕೇ ಒಳ್ಳೇ ಕಾರಿಗೂ ಬೆಲೆ ಸಿಗದೆ ಅದನ್ನ ಯಾರೂ ಮಾರೋಕೇ ತರಲ್ಲ, ಸಂತೆಯಲ್ಲಿ ಉಳಿಯೋದು ಕೆಟ್ಟದ್ದೇ ಅಂತ ಜಾರ್ಜ್ ಅಕರ್‌ಲಾಫ್ 1970ರಲ್ಲೇ ಬರೆದ್ರು. ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನನಗೆ ಅಂಗೈ ಕೆಂಪಾಯ್ತು.

ಬಿಡಿ. ಎಲ್ಲರೂ ಹೀಗೇ. ಈ ಕಾರು ಬಿಟ್ಟು ಇನ್ನೊಂದಕ್ಕೆ ಹೋದ್ರೆ ಅಲ್ಲೂ ಒಬ್ಬ ಇರ್ತಾನೆ, ಅಲ್ಲೂ ಬಾನೆಟ್ ಬಿಸಿ ಇರುತ್ತೆ. ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಏನೋ ಒಂದು ಇದ್ದೇ ಇರುತ್ತೆ, ಇಲ್ಲದಿದ್ರೆ ಮಾರೋದ್ಯಾಕೆ. ಬಿಟ್ಟಿ ಕೊಟ್ರೂ ನನಗೆ ಆ ಕಾರು ಬೇಡ.

ಆದರೆ ಓಡಿಸಿದೆನಲ್ಲ. ಅದೇ ಬಂದಿರೋದು ಕಷ್ಟ. ಕ್ಲಚ್ ಒಂದಿಷ್ಟೂ ಜಾರಲ್ಲ. ಬ್ರೇಕ್ ಒತ್ತಿದ್ರೆ ಎಡಕ್ಕೂ ಎಳೆಯಲ್ಲ, ಬಲಕ್ಕೂ ಎಳೆಯಲ್ಲ. ಗುಂಡಿಯಲ್ಲಿ ಇಳಿದ್ರೂ ಸಸ್ಪೆನ್ಶನ್ ಟಕ್ ಅನ್ನಲ್ಲ. ಬಾಗಿಲುಗಳ ಸಂದು ಎಲ್ಲ ಕಡೆ ಸಮ, ಎಲ್ಲೂ ಗುದ್ದಿದ ಗುರುತಿಲ್ಲ. ಡಿಪ್‌ಸ್ಟಿಕ್ ಮೇಲೆ ಆಯಿಲ್ ಬಣ್ಣ ಚೆನ್ನಾಗಿದೆ, ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಇಲ್ಲ. ಒಬ್ಬರೇ ಮಾಲೀಕರು, ಸರ್ವಿಸ್ ಬಿಲ್ಲುಗಳು ಕ್ರಮವಾಗಿವೆ. ಇಷ್ಟು ಚೆನ್ನಾಗಿ ಇಟ್ಟುಕೊಂಡವನು ಒಂದು ಲೈಟಿಗೆ ಯಾಕಪ್ಪ ಹೀಗೆ ಮಾಡ್ದೆ? ಬಹುಶಃ ಅವನಿಗೂ ನಿಜವಾಗಿ ಗೊತ್ತಿಲ್ಲ. ಯಾರೋ ಗ್ಯಾರೇಜಿನವನು ಸೆನ್ಸರ್ ಅಂದಿರ್ತಾನೆ, ಇನ್ಯಾರೋ ವೈರ್ ಬಿಚ್ಚಿ ಹಾಕು ಗಿರಾಕಿ ಓಡಿಹೋಗಲ್ಲ ಅಂದಿರ್ತಾನೆ. ನೋಡಿ, ಆಗಲೇ ಅವನ ಪರವಾಗಿ ವಕಾಲತ್ತು ಮಾಡೋಕೆ ಶುರು ಮಾಡಿದೆ. ಥೂ.

ಈಗ ಬರೆಯೋ ಮಧ್ಯದಲ್ಲೇ ಮೆಸೇಜ್ ಬಂತು. "ಬೇರೆ ಪಾರ್ಟಿ ನೋಡೋಕೆ ಬರ್ತಿದ್ದಾರೆ, ಬೇಗ ತಿಳಿಸಿ." ನನಗಲ್ಲ. ಭಾವನಿಗೆ. ಭಾವ ಅದನ್ನ ನನಗೆ ಫಾರ್ವರ್ಡ್ ಮಾಡಿದ್ದಾರೆ, ಜೊತೆಗೆ ಒಂದು ಹೆಬ್ಬೆರಳು.

ಗೊತ್ತಿರೋರು ಯಾರಾದ್ರೂ ಉತ್ತರ ಕೊಡಿ, ದಯವಿಟ್ಟು. ಕೂಲೆಂಟ್ ಡಬ್ಬಿಯ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕಂದು ಬಣ್ಣದ ಒಂದು ಉಂಗುರ ಇದೆ. ಹೊರಗಿಂದಲೇ ಟಾರ್ಚ್ ಹಾಕಿ ಫೋಟೋ ತೆಗೆದಿದ್ದೀನಿ. ತುಕ್ಕಾ, ಆಯಿಲಾ, ಎರಡು ಬಗೆ ಕೂಲೆಂಟ್ ಬೆರೆಸಿದ್ದಾ? ಅದು ಬರೀ ಹಳೇ ಕೊಳೆ ಆಗಿದ್ರೆ ನಾನು ಬೆಲೆ ಇಳಿಸಿ ಕೇಳ್ತೀನಿ. ಆಯಿಲ್ ಆಗಿದ್ರೆ ಆ ಬೇರೆ ಪಾರ್ಟಿಗೆ ದೇವರು ಒಳ್ಳೇದು ಮಾಡ್ಲಿ. ಸೆನ್ಸರ್ ಇರಬೇಕು ಅನ್ನೋರು, ಹೊಸದೇ ತಗೊಳ್ಳಿ ಅನ್ನೋರು ಬರೆಯಬೇಡಿ. ಭಾವ, ನೀವಂತೂ ಬರೆಯಲೇಬೇಡಿ.