ಎಡೆಯ ಮುಂದಿನ ಕ್ವಾರ್ಟರ್ ಮತ್ತು 22 ಪ್ರತಿಜ್ಞೆ

ಬೌದ್ಧ ದೀಕ್ಷೆ ತೆಗೆದುಕೊಳ್ಳುವುದು ಒಂದು ಬೆಳಗಿನ ಕೆಲಸ. ಬಿಳಿ ಬಟ್ಟೆ ಉಟ್ಟು, ಭಂತೇಜಿ (ಬೌದ್ಧ ಭಿಕ್ಷು) ಹೇಳಿಕೊಟ್ಟಂತೆ ತ್ರಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು), ಪಂಚಶೀಲ (ಐದು ನಡತೆಯ ನಿಯಮ) ಹೇಳಿ, ಬಾಬಾಸಾಹೇಬ್ ಅಂಬೇಡ್ಕರರು ದೀಕ್ಷೆಯ ಹೊತ್ತಿಗೆ ಕೊಟ್ಟ 22 ಪ್ರತಿಜ್ಞೆಗಳನ್ನು ಓದಿ ಮುಗಿಸಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ಕಷ್ಟ ಶುರುವಾಗುವುದು ಆಮೇಲೆ ಬರುವ ಮೊದಲ ಮಹಾಲಯ ಅಮಾವಾಸ್ಯೆಗೆ.

ಹಳೇ ಮೈಸೂರು ಕಡೆಯ ಎಷ್ಟೋ ದಲಿತ ಮನೆಗಳಲ್ಲಿ ವರ್ಷದ ದೊಡ್ಡ ಹಬ್ಬ ಯುಗಾದಿಯೂ ಅಲ್ಲ, ದೀಪಾವಳಿಯೂ ಅಲ್ಲ. ಹಿರಿಯರಿಗೆ ಎಡೆ ಇಡುವ ಹಬ್ಬ. ಗೋಡೆಗೊರಗಿಸಿದ ಫೋಟೊಗಳು, ಮುಂದೆ ಬಾಳೆ ಎಲೆ, ಅದರ ಪಕ್ಕ ಮಡಿಕೆ ಬಿಚ್ಚದ ಹೊಸ ಪಂಚೆ, ಸೀರೆ. ಎಲೆ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಕಡ್ಲೆಪುರಿ. ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆ ಅಡಿಕೆ ಹೊಗೆಸೊಪ್ಪು. ಬದುಕಿದ್ದಾಗ ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರ್. ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಒಳಗೆ ಹಿರಿಯರು ಉಣ್ಣುತ್ತಿದ್ದಾರೆ. ಊರು ಬಿಟ್ಟ ಮಕ್ಕಳೆಲ್ಲ ಆ ಒಂದು ದಿನ ಬಸ್ಸು ಹತ್ತಿ ಬರುತ್ತಾರೆ.

ಈಗ ಆರನೇ ಪ್ರತಿಜ್ಞೆ ನೋಡಿ: ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ. ಹದಿನೇಳನೆಯದು: ಮದ್ಯ ಸೇವಿಸುವುದಿಲ್ಲ. ಹೊಸದಾಗಿ ದೀಕ್ಷೆ ಪಡೆದ ಹುಡುಗ ಈ ಎರಡನ್ನೂ ಗಟ್ಟಿಯಾಗಿ ಓದಿ, 'ಈ ವರ್ಷದಿಂದ ಎಡೆ ಇಲ್ಲ' ಅಂತ ಹೇಳಿಬಿಟ್ಟರೆ ಅವನವ್ವನ ಕಿವಿಗೆ ಬೀಳುವುದು ಧಮ್ಮವಲ್ಲ. 'ನಿಮ್ಮಪ್ಪನಿಗೆ ಈ ವರ್ಷ ಊಟ ಇಲ್ಲ' ಎಂಬ ಮಾತು. ಅಲ್ಲಿಂದ ಶುರುವಾದ ಜಗಳ ಅಣ್ಣತಮ್ಮಂದಿರ ಪಾಲಿನ ತನಕ ಹೋಗುವುದೂ ಉಂಟು.

ನನ್ನ ಅಭಿಪ್ರಾಯ ಇಷ್ಟೇ. ನಂಬಿಕೆ ಬದಲಾದ ಮನೆಯಲ್ಲಿ ಹಬ್ಬದ ದಿನವನ್ನು ಖಾಲಿ ಬಿಡಬಾರದು. ಖಾಲಿ ಬಿಟ್ಟ ಜಾಗಕ್ಕೆ ಹಳೆಯ ಹಬ್ಬವೇ ಎರಡರಷ್ಟು ಜೋರಾಗಿ ವಾಪಸ್ ಬರುತ್ತದೆ. ದಿನ ಉಳಿಯಲಿ, ಅಡುಗೆ ಉಳಿಯಲಿ, ಬರುವ ನೆಂಟರು ಉಳಿಯಲಿ. ನಡುವೆ ನಡೆಯುವ ಕ್ರಿಯೆ ಬದಲಾಗಲಿ. ಇದಕ್ಕೆ ಎರಡು ಮೂರು ವರ್ಷ ಹಿಡಿದರೆ ಹಿಡಿಯಲಿ.

ಎಡೆಯ ವಿಷಯದಲ್ಲಿ ಇದನ್ನು ಮಾಡುವ ದಾರಿ ಹೀಗೆ. ಅದೇ ಅಮಾವಾಸ್ಯೆ, ಅದೇ ಫೋಟೊಗಳು, ಹೂವು. ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು, ಹಿರಿಯರ ಫೋಟೊಗಳನ್ನು ಅದಕ್ಕಿಂತ ಸ್ವಲ್ಪ ತಗ್ಗಿನಲ್ಲಿ ಇಡಿ. ಮೇಣದಬತ್ತಿ ಹಚ್ಚಿ. ಬುದ್ಧನಿಗೆ ನಮಿಸುವ 'ನಮೋ ತಸ್ಸ' ಮೂರು ಸಲ, ಆಮೇಲೆ ತ್ರಿಸರಣ, ಪಂಚಶೀಲ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ನಂತರ ಮನೆಯ ದೊಡ್ಡವರು ಒಬ್ಬೊಬ್ಬ ಹಿರಿಯರ ಹೆಸರು ಹಿಡಿದು ಹೇಳಬೇಕು: ಯಾರು, ಯಾವ ಊರು, ಏನು ಕೆಲಸ ಮಾಡುತ್ತಿದ್ದರು, ಯಾವಾಗ ಹೋದರು. ಈ ಭಾಗವನ್ನು ದಯವಿಟ್ಟು ಬಿಡಬೇಡಿ. ಹಳೆಯ ಎಡೆಯಲ್ಲಿ ಬೀಡಿ ಕಟ್ಟು, ಹೊಗೆಸೊಪ್ಪು ಮಾಡುತ್ತಿದ್ದ ಕೆಲಸ ಅದೇ: ತಾತ ಇಂಥವನು ಎಂದು ಮೊಮ್ಮಕ್ಕಳಿಗೆ ತೋರಿಸುವುದು. ವಸ್ತು ಹೋದರೆ ಆ ಜಾಗಕ್ಕೆ ಮಾತು ಬರಲೇಬೇಕು.

ಕೊನೆಗೆ ಪುಣ್ಯಾನುಮೋದನೆ, ಅಂದರೆ ಮಾಡಿದ ಪುಣ್ಯವನ್ನು ತೀರಿಕೊಂಡವರಿಗೂ ಹಂಚುವುದು. ತಟ್ಟೆಯೊಳಗೆ ಒಂದು ಬಟ್ಟಲು, ಕೈಯಲ್ಲಿ ನೀರು ತುಂಬಿದ ಚೊಂಬು. ಮನೆಯವರೆಲ್ಲ ಚೊಂಬಿಗೆ, ಇಲ್ಲವೇ ಚೊಂಬು ಹಿಡಿದವರ ತೋಳಿಗೆ ಕೈ ತಾಗಿಸಿ, 'ಇದಂ ಮೇ ಞಾತೀನಂ ಹೋತು, ಸುಖಿತಾ ಹೊಂತು ಞಾತಯೋ' ಎಂದು ಮೂರು ಬಾರಿ ಹೇಳುತ್ತಾ, ಸಣ್ಣ ಧಾರೆಯಾಗಿ ನೀರನ್ನು ಬಟ್ಟಲು ತುಂಬಿ ಚೆಲ್ಲುವವರೆಗೆ ಬಿಡುವುದು. ನನ್ನ ಬಂಧುಗಳಿಗೆ ಇದು ಸಲ್ಲಲಿ, ಅವರು ಸುಖವಾಗಿರಲಿ ಎಂಬ ಅರ್ಥ. ಮೂರು ಸಲ ಹೇಳಲು ಅರ್ಧ ನಿಮಿಷ ಸಾಕು, ಹಾಗಾಗಿ ಕಾಲು ಲೀಟರ್ ಹಿಡಿಯುವ ಚೊಂಬು, ಅದಕ್ಕಿಂತ ಕೊಂಚ ಸಣ್ಣ ಬಟ್ಟಲು ಇದ್ದರೆ ಆಯಿತು. ದೊಡ್ಡ ಬಿಂದಿಗೆ ಎತ್ತಿಕೊಂಡವರ ಮನೆಯಲ್ಲಿ ನೀರು ನಡುಮನೆಯ ತುಂಬ ಹರಿದು, ಗಂಭೀರವಾಗಿ ಕೂತ ಮಕ್ಕಳೆಲ್ಲ ಕಿಸಕ್ಕನೆ ನಗುತ್ತವೆ. ಆ ನೀರನ್ನು ಗಿಡದ ಬುಡಕ್ಕೆ ಹಾಕಿ, ಅಡುಗೆಯನ್ನು ಮೊದಲು ಬದುಕಿರುವ ಹಿರಿಯರಿಗೆ ಬಡಿಸಿ. ಹೊಸ ಪಂಚೆ, ಸೀರೆಯೂ ಅವರಿಗೇ.

'ಇದು ಶ್ರಾದ್ಧವೇ, ಹೆಸರು ಬೇರೆ' ಎಂದು ತಕರಾರು ಮಾಡುವ ಅಂಬೇಡ್ಕರ್‌ವಾದಿ ಗೆಳೆಯರಿದ್ದಾರೆ. ತಕರಾರಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಇಲ್ಲಿ ಪಿಂಡ ಇಲ್ಲ, ಪುರೋಹಿತ ಇಲ್ಲ, ದಕ್ಷಿಣೆ ಇಲ್ಲ. ಸತ್ತವರು ಹಸಿದು ಕಾಯುತ್ತಿದ್ದಾರೆ ಎಂಬ ಹೆದರಿಕೆಯೂ ಇಲ್ಲ. ನೀರನ್ನು ತಾತ ಕುಡಿಯುತ್ತಾನೆ ಎಂದು ಮಕ್ಕಳಿಗೆ ಹೇಳದಿದ್ದರೆ ಸಾಕು. ಮಟನ್ ಸಾರಿನ ಬಗ್ಗೆಯೂ ಒಂದು ಮಾತು: 22 ಪ್ರತಿಜ್ಞೆಗಳಲ್ಲಿ ಮಾಂಸ ತಿನ್ನಬಾರದು ಎಂದು ಎಲ್ಲೂ ಇಲ್ಲ. ದೇವರ ಹೆಸರಲ್ಲಿ ಬಲಿ ಕೊಡುವುದು ನಿಲ್ಲಬೇಕು, ಅದು ಸರಿ. ಆದರೆ ಬೌದ್ಧರಾಗುವುದೆಂದರೆ ಸಸ್ಯಾಹಾರಿಗಳಾಗುವುದು ಎಂದುಕೊಂಡು ಹಬ್ಬದ ದಿನ ಪಲಾವ್ ಮಾಡಿದರೆ ಮರುವರ್ಷ ಯಾರೂ ಬಸ್ಸು ಹತ್ತುವುದಿಲ್ಲ. ಕ್ವಾರ್ಟರ್ ಮಾತ್ರ ಮೊದಲ ವರ್ಷವೇ ಹೋಗಬೇಕು. ಅದರಲ್ಲಿ ರಾಜಿ ಬೇಡ, ಏಕೆಂದರೆ ಎಡೆ ತೆಗೆದ ಮೇಲೆ ಅದನ್ನು ಕುಡಿಯುವವರು ಯಾರು ಎಂಬುದು ಮನೆಗೆಲ್ಲ ಗೊತ್ತು.

ಕ್ಯಾಲೆಂಡರಿನ ವಿಷಯಕ್ಕೆ ಬರೋಣ. ಹೊಸದಾಗಿ ಬಂದವರು ಎಡವುವುದು ಇಲ್ಲಿ. ಬುದ್ಧ ಪೂರ್ಣಿಮೆ ವೈಶಾಖ ಹುಣ್ಣಿಮೆ. 2025ರಲ್ಲಿ ಮೇ 12, 2026ರಲ್ಲಿ ಮೇ 1. ಸಿಂಗಪುರದಲ್ಲಿರುವ ಕನ್ನಡಿಗರು ಅಲ್ಲಿನ 2026ರ ರಜೆ ಪಟ್ಟಿ ನೋಡಿದರೆ ವೆಸಾಕ್ (ಬುದ್ಧ ಪೂರ್ಣಿಮೆಗೆ ಅಲ್ಲಿನ ಹೆಸರು) ಮೇ 31 ಎಂದಿದೆ. ತಪ್ಪು ಯಾರದೂ ಅಲ್ಲ. ಆ ವರ್ಷ ಮೇ ತಿಂಗಳಲ್ಲಿ ಎರಡು ಹುಣ್ಣಿಮೆ. ನಮ್ಮ ಪಂಚಾಂಗದಲ್ಲಿ ಎರಡನೆಯದು ಅಧಿಕ ಜ್ಯೇಷ್ಠಕ್ಕೆ ಸೇರುತ್ತದೆ, ಅವರ ಲೆಕ್ಕ ಬೇರೆ. ಊರಿನ ಮನೆಗೆ ವಿಡಿಯೊ ಕಾಲ್ ಮಾಡಿ ಒಟ್ಟಿಗೆ ವಂದನೆ ಮಾಡುವವರು ಯಾವ ದಿನ ಎಂದು ಮೊದಲೇ ಮಾತಾಡಿಕೊಳ್ಳಿ.

ಅಶೋಕ ವಿಜಯದಶಮಿಯದು ಇನ್ನೊಂದು ತೊಡಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ದೀಕ್ಷೆ ಪಡೆದಾಗ ಅದು ವಿಜಯದಶಮಿಯೂ ಆಗಿತ್ತು. ಅಂದಿನಿಂದ ಕೆಲವರು ತಾರೀಖು ಹಿಡಿಯುತ್ತಾರೆ, ಕೆಲವರು ತಿಥಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು, 2026ರಲ್ಲಿ 20ಕ್ಕೆ. ನನ್ನನ್ನು ಕೇಳಿದರೆ ಮನೆಯಲ್ಲಿ ತಿಥಿ ಹಿಡಿಯಿರಿ: ಮಕ್ಕಳಿಗೆ ರಜೆ, ನೆಂಟರಿಗೆ ರಜೆ, ದಸರೆ ಹೇಗೂ ಇದೆ. ಅಕ್ಟೋಬರ್ 14 ಸಂಘಟನೆಯ ಕಾರ್ಯಕ್ರಮಕ್ಕಿರಲಿ. ಹಿಂದಿನ ದಿನದ ಆಯುಧಪೂಜೆಗೆ ಗಾಡಿ ಸರ್ವೀಸ್ ಮಾಡಿಸಿ, ತೊಳೆದು, ಟೈರಿನ ಗಾಳಿ ನೋಡಿ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಗೌರವ ಗಾಡಿಗೆ ಬೇಕಿಲ್ಲ. (ರಸ್ತೆಗೆ ಒಡೆದ ಬೂದುಗುಂಬಳದ ಮೇಲೆ ಜಾರಿ ಬೀಳುವ ಬೈಕುಗಳನ್ನು ನೋಡಿದರೆ ಯಾವ ಧರ್ಮದವರಾದರೂ ಅದನ್ನು ಬಿಡಬೇಕು.)

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ವರ್ಷಾವಾಸ, ಅಂದರೆ ಭಿಕ್ಷುಗಳು ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ಕಾಲ, ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗೆ, ಮೂರು ತಿಂಗಳು. ವರಮಹಾಲಕ್ಷ್ಮಿ, ಗೌರಿ ಗಣೇಶ, ಪಿತೃಪಕ್ಷ, ದಸರೆ ಎಲ್ಲವೂ ಬರುವುದು ಈ ಮೂರು ತಿಂಗಳೊಳಗೇ. ಅಂದರೆ ಮನೆಯಲ್ಲಿ ಕಸಿವಿಸಿ ಹೆಚ್ಚುವ ಕಾಲದಲ್ಲೇ ವಾರಕ್ಕೊಮ್ಮೆ ಧಮ್ಮಗ್ರಂಥ ಓದುವ, ಹುಣ್ಣಿಮೆಗೆ ಅಷ್ಟಶೀಲ (ಎಂಟು ನಿಯಮ) ಹಿಡಿಯುವ ಕಾರ್ಯಕ್ರಮವೂ ಸಿದ್ಧವಾಗಿದೆ. ಭಾನುವಾರ ಸಂಜೆ ಮುಕ್ಕಾಲು ಗಂಟೆ, ನಾಲ್ಕೈದು ಪುಟ, ಆಮೇಲೆ ಕಾಫಿ ಮಂಡಕ್ಕಿ. ಗಂಟೆ ಮೀರಿದರೆ ಮೂರನೇ ವಾರಕ್ಕೆ ಮಕ್ಕಳು ಟ್ಯೂಷನ್ ಇದೆ ಅನ್ನುತ್ತಾರೆ.

ರಜೆ ಸಿಗುವುದು ಹೇಗೆ? ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಚಿಂತೆಯಿಲ್ಲ, ಸಾರ್ವತ್ರಿಕ ರಜೆ. ಬುದ್ಧ ಪೂರ್ಣಿಮೆಗೆ ಕೇಂದ್ರ ಸರ್ಕಾರಿ ಕಚೇರಿಗಳಿಗೆ ರಜೆ ಇರುತ್ತದೆ. ರಾಜ್ಯದ ಪಟ್ಟಿಯಲ್ಲಿ ಅದನ್ನು ಸಾಮಾನ್ಯವಾಗಿ ಪರಿಮಿತ ರಜೆಗಳ ಸಾಲಿನಲ್ಲಿ ಹುಡುಕಬೇಕು. ರಾಜ್ಯ ನೌಕರರಿಗೆ ಪರಿಮಿತ ರಜೆ ವರ್ಷಕ್ಕೆ ಎರಡೇ, ಹಾಗಾಗಿ ವರಮಹಾಲಕ್ಷ್ಮಿಗೋ ಇನ್ನೊಂದಕ್ಕೋ ಅಭ್ಯಾಸಬಲದಿಂದ ಬರೆದುಕೊಟ್ಟು ಖಾಲಿ ಮಾಡಿಕೊಳ್ಳಬೇಡಿ. ಖಾಸಗಿ ಕಾರ್ಖಾನೆ, ಕಂಪನಿಗಳಿಗೆ ರಾಜ್ಯದ 1963ರ ಕಾಯ್ದೆಯಂತೆ ಐದು ರಾಷ್ಟ್ರೀಯ ಮತ್ತು ನಾಡಿನ ದಿನಗಳ ಜೊತೆಗೆ ಐದು ಹಬ್ಬದ ರಜೆ ಇವೆ. ಆ ಐದು ಯಾವುವು ಎಂಬುದು ಹಿಂದಿನ ವರ್ಷದ ಕೊನೆಯಲ್ಲೇ ತೀರ್ಮಾನವಾಗುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಎಚ್‌ಆರ್‌ನವರು ಪಟ್ಟಿ ತೋರಿಸಿ ಕೈ ಚೆಲ್ಲುತ್ತಾರೆ. ನವೆಂಬರಿನಲ್ಲಿ ನಾಲ್ಕು ಜನ ಸೇರಿ ಇಮೇಲ್ ಹಾಕಿ.

ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ, ರಜೆಯಲ್ಲ. ಸಂಜೆ ಮೇಣದಬತ್ತಿ, ಮೌನ, ಅಷ್ಟೇ. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆಯವರು ಆ ದಿನ ನಡೆಸುವ ಮೂಢನಂಬಿಕೆ ವಿರೋಧಿ ಕಾರ್ಯಕ್ರಮಕ್ಕೆ ಹೋಗುವವರೂ ಇದ್ದಾರೆ.

ಹೆಣ್ಣುಮಕ್ಕಳ ಹಬ್ಬಗಳ ವಿಷಯದಲ್ಲಿ ಗಂಡಸರ ಉತ್ಸಾಹ ಕೊಂಚ ಕಮ್ಮಿಯಾಗಬೇಕು. ಮೂರನೇ ಪ್ರತಿಜ್ಞೆಯಲ್ಲಿ ಗೌರಿ, ಗಣಪತಿಯರ ಹೆಸರೇ ಇದೆ. ಹಾಗೆಂದು ಕೊಟ್ಟ ಹೆಣ್ಣುಮಗಳಿಗೆ ಗೌರಿ ಹಬ್ಬದ ಬಾಗಿನ ನಿಲ್ಲಿಸಿದರೆ, ಅತ್ತೆಮನೆಯಲ್ಲಿ ಅವಳಿಗೆ ತವರಿಲ್ಲ ಎಂದೇ ಲೆಕ್ಕ. ಮೊರದೊಳಗಿನ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಯಾವುದೂ ದೇವರಲ್ಲ. ಪೂಜೆ ಬಿಡಿ, ಬಾಗಿನ ಬಿಡಬೇಡಿ. ಅದೂ ಅದೇ ದಿನ, ಅದೇ ಹೊತ್ತಿಗೆ ತಲುಪಬೇಕು. 'ಏಪ್ರಿಲ್ 14ಕ್ಕೆ ಸೀರೆ ಕೊಡ್ತೀವಿ ಕಣವ್ವ' ಎಂದರೆ ಓರಗಿತ್ತಿಯರ ಮುಂದೆ ಅವಳು ಏಳು ತಿಂಗಳು ಏನು ಹೇಳಬೇಕು?

ಇಷ್ಟೆಲ್ಲ ಮೆತ್ತಗೆ ಹೇಳಿದವನು ಒಂದು ಕಡೆ ಮೆತ್ತಗಾಗಲಾರೆ. ಊರ ಮಾರಿ ಹಬ್ಬದಲ್ಲಿ ತಮಟೆ ಬಡಿಯುವುದು, ಸತ್ತ ದನ ಎಳೆಯುವುದು, ಊರು ಸಾರುವುದು ಇಂಥ ಕೇರಿಯವರದೇ ಕೆಲಸ ಎಂಬ ಕಡೆ ಹಬ್ಬ ಬಿಡುವುದೆಂದರೆ ಬಿಟ್ಟಿ ಚಾಕರಿ ಬಿಡುವುದು. ಅಲ್ಲಿ 'ಸ್ವಲ್ಪ ಹೊಂದಿಕೊಂಡು ಹೋಗಿ' ಎಂದು ಬುದ್ಧಿ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ತಮಟೆಯನ್ನು ಏಪ್ರಿಲ್ 14ರ ಮೆರವಣಿಗೆಯಲ್ಲಿ ಬಡಿಯಿರಿ, ಚೆನ್ನಾಗಿ ಕೂಲಿ ಪಡೆದು ಬೇಕಾದ ಕಡೆ ಬಡಿಯಿರಿ, ಅದು ಕಲೆ. ಆದರೆ ಒಂದು ಮನೆ ಒಂಟಿಯಾಗಿ ಬಿಟ್ಟರೆ ಅಂಗಡಿ ಸಾಮಾನು, ಕೂಲಿ, ನೀರಿನ ತನಕ ಬಹಿಷ್ಕಾರದ ಬಿಸಿ ತಟ್ಟಬಹುದು. ಇಡೀ ಕೇರಿ ಕೂತು ತೀರ್ಮಾನಿಸಿ, ಹಬ್ಬಕ್ಕೆ ತಿಂಗಳ ಮುಂಚೆ ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಂದಹಾಗೆ, ಬೌದ್ಧರಾದರೆ ಪರಿಶಿಷ್ಟ ಜಾತಿ ಮೀಸಲಾತಿ ಹೋಗುತ್ತದೆ ಎಂದು ಹೆದರಿಸುವವರಿಗೆ, 1990ರ ತಿದ್ದುಪಡಿಯಿಂದ ಬೌದ್ಧರಿಗೂ ಅದು ಸಿಗುತ್ತದೆ ಎಂದು ಹೇಳಿ.

ದೀಪಾವಳಿಗೆ ಅಶೋಕನ 84,000 ಸ್ತೂಪಗಳ ಕಥೆ ಅಂಟಿಸಿ 'ದೀಪದಾನೋತ್ಸವ' ಎನ್ನುವ ವಾಟ್ಸಾಪ್ ಸಂದೇಶ ಪ್ರತಿ ವರ್ಷ ಬರುತ್ತದೆ. ಆ ದಿನಕ್ಕೆ ಗಟ್ಟಿ ಆಧಾರವಿಲ್ಲ. ಅಶೋಕ ಬೇಕಿದ್ದರೆ ಅವನ ಹೆಸರೇ ಕೆತ್ತಿರುವ ಮಸ್ಕಿಯ ಬಂಡೆ ನಮ್ಮ ರಾಯಚೂರು ಜಿಲ್ಲೆಯಲ್ಲಿದೆ, ಅವನ ಮೂರ್ತಿಶಿಲ್ಪ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸಿಕ್ಕಿದೆ. ದೀಪಾವಳಿ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಬಲಿಪಾಡ್ಯಮಿಯ ಬಲಿಯನ್ನಾದರೆ ಜೋತಿಬಾ ಫುಲೆಯವರೇ ರೈತರ ನ್ಯಾಯವಂತ ರಾಜ ಎಂದು ಎತ್ತಿ ಹಿಡಿದಿದ್ದಾರೆ. ಅದನ್ನು ಹೇಳಲು ಸಂಕೋಚ ಬೇಡ.

ಇನ್ನು ಬುದ್ಧನನ್ನೇ ದೇವರು ಮಾಡಿಬಿಡುವ ಚಾಳಿ. ಕುಂಕುಮ, ಕಾಯಿ ಒಡೆಯುವುದು, ಮಂಗಳಾರತಿ, ಹರಕೆ: ಎರಡನೇ ವರ್ಷಕ್ಕೆ ಇವೆಲ್ಲ ಮೆಲ್ಲಗೆ ನುಸುಳುತ್ತವೆ. ಬೈಯಬೇಡಿ, ಕೈಗೆ ಬೇರೆ ಕೆಲಸ ಕೊಡಿ. ಮಕ್ಕಳು ಬೌದ್ಧರ ಪಂಚಶೀಲ ಧ್ವಜ ಕಟ್ಟಲಿ (ನೀಲಿ ಪಟ್ಟಿ ಕಂಬದ ಕಡೆಗೆ ಬರಬೇಕು), ದೊಡ್ಡವರು ಬುದ್ಧನಿಗೆ ಪಾಯಸ ಉಣಿಸಿದ ಸುಜಾತೆಯ ನೆನಪಿನ ಪಾಯಸ ಮಾಡಲಿ. ಒಂದು ಲೀಟರ್ ಗಟ್ಟಿ ಹಾಲಿಗೆ 75 ಗ್ರಾಂ ಅಕ್ಕಿ, 125 ಗ್ರಾಂ ಬೆಲ್ಲ, ಆರು ಜನಕ್ಕಾಗುತ್ತದೆ. ಅಕ್ಕಿ ಹಾಲಿನಲ್ಲೇ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಲಿ. ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿಟ್ಟುಕೊಳ್ಳಿ. ಕುದಿಯುವ ಹಾಲಿಗೆ ಸುರಿದರೆ ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ. ಒಲೆ ಆರಿಸಿ ಹತ್ತು ನಿಮಿಷ ಬಿಟ್ಟು ಬೆರೆಸಿ.

ಗಣೇಶನ ಹಬ್ಬಕ್ಕೆ ಪಕ್ಕದ ಮನೆಯವರು ಕಡುಬು ಕಳಿಸಿದರೆ ತಿನ್ನಿ. ಪ್ರತಿಜ್ಞೆ ಇರುವುದು ಪೂಜೆಗೆ, ಕಡುಬಿಗಲ್ಲ. ಅವರ ಡಬ್ಬಿಯನ್ನು ಬುದ್ಧ ಪೂರ್ಣಿಮೆಯ ತನಕ ಇಟ್ಟುಕೊಳ್ಳಲಾಗುವುದಿಲ್ಲ, ಖಾಲಿ ವಾಪಸ್ ಕೊಡುವಂತೆಯೂ ಇಲ್ಲ. ಸದ್ಯಕ್ಕೆ ಎರಡು ಹಿಡಿ ಅವಲಕ್ಕಿ ಹಾಕಿ ಕೊಡಿ. ಮೇ ತಿಂಗಳಲ್ಲಿ ಪಾಯಸ ಕಳಿಸುವಾಗ ನಿಮ್ಮದೇ ಡಬ್ಬಿ ಹೋಗಲಿ.